ತತ್‌ಕ್ಷಣ ಸಂದೇಶವೂ ಸಹಾಧ್ಯಯನವೂ

ನಮ್ಮ ಕಾಲೇಜಿರುವ ಊರಿನಿಂದ ಸುತ್ತಣ ಹಳ್ಳಿಗಳಿಗೆ ಹೋಗುವ ಕೊನೆಯ ಬಸ್ಸು ಸಂಜೆ ಐದೂವರೆಗೆ ಹೊರಡುತ್ತದೆ. ಅದು ಹೊರಟಿತೆಂದರೆ ನಮ್ಮ ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಪಾಲು ಮಂದಿ ಒಬ್ಬರಿಂದೊಬ್ಬರು ಹತ್ತಾರು ಕಿಲೋಮೀಟರು ದೂರವಾದರೆಂದೇ ಅರ್ಥ. ರಾತ್ರಿ ಓದುವಾಗ ಒಂದು ಸಂದೇಹ ಹುಟ್ಟಿದರೆ ಯಾರನ್ನು ಕೇಳುವುದು? ಹಿಂದೆ ಮರುದಿನದವರೆಗೆ ಕಾಯಬೇಕಾಗಿತ್ತು. ಮರುದಿನವಾಗುವಷ್ಟರಲ್ಲಿ ಸಂದೇಹವೇ ಮರೆತುಹೋಗಿರುತ್ತಿತ್ತು. ಈಗಲಾದರೋ ಕೈಯಲ್ಲಿ ಮೊಬೈಲು ಇದೆ. ಪ್ರಶ್ನೆಯನ್ನು ಬರೆದು ಕಳುಹಿಸಿದ ಕ್ಷಣದಲ್ಲೇ ಅದು ಅಧ್ಯಾಪಕರನ್ನೂ ಗೆಳೆಯರನ್ನೂ ತಲಪುತ್ತದೆ. ಕಲಿಕೆಗೆ ಇದಕ್ಕಿಂತ ಹೆಚ್ಚಿನ ಅನುಕೂಲ ಇನ್ನೇನು ಬೇಕು ಎನ್ನಿಸುವುದು ಸಹಜ.

ನಾವೂ ಹಾಗೆಯೇ ನಂಬಿದ್ದೆವು. ಎರಡು ವರ್ಷಗಳ ಹಿಂದೆ ಒಂದು ತರಗತಿಯ ನಲವತ್ತು ಮಂದಿಯನ್ನೂ ಸೇರಿಸಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಗುಂಪನ್ನು ಕಟ್ಟಿದೆವು. ಪ್ರಶ್ನೆ ಬಂದೊಡನೆ, ರಾತ್ರಿ ಹತ್ತು ಗಂಟೆಯಾಗಿದ್ದರೂ, ಲೆಕ್ಕವನ್ನು ಪೂರ್ತಿಯಾಗಿ ಬಿಡಿಸಿ, ಹಾಳೆಯ ಚಿತ್ರ ತೆಗೆದು ಕಳುಹಿಸುತ್ತಿದ್ದೆವು. ಧನ್ಯವಾದಗಳ ಮಳೆಯೇ ಸುರಿಯುತ್ತಿತ್ತು. ಒಂದೂವರೆ ತಿಂಗಳ ಬಳಿಕ ಕಿರುಪರೀಕ್ಷೆ ನಡೆಯಿತು. ಗುಂಪಿನಲ್ಲಿ ಬಿಡಿಸಿ ತೋರಿಸಿದ್ದ ಇಳಿಜಾರಿನ ಲೆಕ್ಕವನ್ನೇ ಕೋನವನ್ನು ಬದಲಿಸಿ, ಘರ್ಷಣೆಯನ್ನು ಸೇರಿಸಿ ಕೊಟ್ಟೆವು. ಸರಿಯಾಗಿ ಬಿಡಿಸಿದವರು ಆರು ಮಂದಿ ಮಾತ್ರ! ತಪ್ಪು ಯಂತ್ರದ್ದಲ್ಲ, ವಿದ್ಯಾರ್ಥಿಗಳದೂ ಅಲ್ಲ. ನಮ್ಮದೇ ಎಂಬುದು ಆಗ ಮನವರಿಕೆಯಾಯಿತು. ಈ ಸಾಧನದ ಸ್ವಭಾವವೇನು, ಕಲಿಯುವವನ ಮನಸ್ಸಿನ ಸ್ವಭಾವವೇನು ಎಂಬೆರಡನ್ನೂ ನಾವು ವಿಚಾರಿಸಿರಲಿಲ್ಲ. ಆ ವಿಚಾರವನ್ನು ಇಲ್ಲಿ ಮಾಡೋಣ.

ಸಂದೇಶ ಸಾಗುವ ಬಗೆ

“ಬಲಗಳ ಪಟ್ಟಿ ಬರೆ” ಎಂಬ ಚಿಕ್ಕ ಸಂದೇಶವನ್ನೇ ತೆಗೆದುಕೊಳ್ಳೋಣ. ಕಂಪ್ಯೂಟರಿನ ಕಣ್ಣಿಗೆ ‘ಪಟ್ಟಿ’ ಎಂಬುದು ಎರಡು ಅಕ್ಷರವಲ್ಲ, ಐದು ಸಂಕೇತ: ಪ, ಟ, ವಿರಾಮಚಿಹ್ನೆಯಾದ ಅರ್ಧಾಕ್ಷರದ ಗುರುತು, ಮತ್ತೆ ಟ, ಕೊನೆಗೆ ಗುಡಿಸು. ಈ ರೀತಿಯಲ್ಲಿ ಎಣಿಸಿದರೆ ಮೇಲಿನ ಸಂದೇಶದಲ್ಲಿ 12 ಕನ್ನಡ ಸಂಕೇತಗಳೂ 2 ತೆರಪುಗಳೂ ಇವೆ. ಯೂನಿಕೋಡ್ ಪದ್ಧತಿಯ ರೂಢಿಯ ಬರವಣಿಗೆಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟುಗಳು, ತೆರಪಿಗೆ 1 ಬೈಟು. ಒಟ್ಟು 38 ಬೈಟುಗಳು, ಎಂದರೆ 304 ಬಿಟ್‌ಗಳು. ಸೊನ್ನೆ ಮತ್ತು ಒಂದುಗಳ ಈ ಸಾಲಿಗೆ ವಿಳಾಸ ಮೊದಲಾದ ಹೊದಿಕೆ ಸೇರುತ್ತದೆ. ಬೇರೆಯವರು ಓದಲಾಗದಂತೆ ಅದನ್ನು ಗೂಢಲಿಪಿಗೆ ತಿರುಗಿಸಲಾಗುತ್ತದೆ.

ಮೊಬೈಲು ಇದನ್ನು ರೇಡಿಯೋ ಅಲೆಗಳ ಮೂಲಕ ಹತ್ತಿರದ ಟವರಿಗೆ ಒಪ್ಪಿಸುತ್ತದೆ. ಅಲ್ಲಿಂದ ಮುಂದೆ ಬಹುಪಾಲು ದಾರಿ ಗಾಜಿನ ದ್ಯುತಿತಂತುವಿನದು. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ತಂತುವಿನ ದಾರಿ 1,000 ಕಿಲೋಮೀಟರು ಎಂದಿಟ್ಟುಕೊಂಡರೂ ಸಂದೇಶಕ್ಕೆ ಬೇಕಾಗುವುದು ಒಂದು ಸೆಕೆಂಡಿನ ಇನ್ನೂರನೆಯ ಒಂದು ಭಾಗ ಮಾತ್ರ. ಸರ್ವರ್ ಎಂಬ ಕೇಂದ್ರ ಕಂಪ್ಯೂಟರು ಅದನ್ನು ಬರಮಾಡಿಕೊಂಡು ಗೆಳೆಯನ ಮೊಬೈಲಿಗೆ ಅಟ್ಟುತ್ತದೆ. ಗೆಳೆಯನ ಮೊಬೈಲು ಆರಿದ್ದರೆ ಸಂದೇಶ ಅಲ್ಲಿಯೇ ಕಾದಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಾಣುವ ಒಂದು ಗೀಟಿನ ಅರ್ಥ ಸಂದೇಶ ಸರ್ವರನ್ನು ಸೇರಿತೆಂದು. ಎರಡು ಗೀಟಿನ ಅರ್ಥ ಎದುರಿನ ಮೊಬೈಲನ್ನು ಮುಟ್ಟಿತೆಂದು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಇಡೀ ಸರಪಳಿಯಲ್ಲಿ ನಿಧಾನವಾದ ಕೊಂಡಿ ಯಂತ್ರವಲ್ಲ, ಮನುಷ್ಯ. ಸಂದೇಶ ಕಣ್ಣೆವೆ ಇಕ್ಕುವಷ್ಟರಲ್ಲಿ ತಲಪುತ್ತದೆ. ಅದನ್ನು ಓದಿ, ಯೋಚಿಸಿ, ಉತ್ತರ ಬರೆಯಲು ನಿಮಿಷಗಳು ಹಿಡಿಯುತ್ತವೆ. ಆದ್ದರಿಂದ ಈ ಸಾಧನದಿಂದ ಪ್ರಯೋಜನವಾಗುವುದೂ ಆಗದಿರುವುದೂ ಆ ನಿಮಿಷಗಳನ್ನು ನಾವು ಹೇಗೆ ಬಳಸುತ್ತೇವೆ ಎಂಬುದನ್ನೇ ಅವಲಂಬಿಸಿದೆ.

ಇಲಿನಾಯ್‌ನ ಪಾಠ

ಈ ಬಗೆಯ ಸಂಭಾಷಣೆ ಇತ್ತೀಚಿನದೆಂದು ಅನೇಕರು ಭಾವಿಸಿರುವರು. ವಾಟ್ಸ್‌ಆ್ಯಪ್ ಹುಟ್ಟಿದ್ದು 2009ರಲ್ಲಿ, ನಿಜ. ಆದರೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1960ರಲ್ಲಿಯೇ ಡೊನಾಲ್ಡ್ ಬಿಟ್ಜರ್ ಎಂಬ ಎಂಜಿನಿಯರರು ‘ಪ್ಲೇಟೋ’ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಆರಂಭಿಸಿದ್ದರು. ಅದರ ಉದ್ದೇಶ ಪಾಠ ಕಲಿಸುವುದು. ಕಾಲಕ್ರಮದಲ್ಲಿ ಒಂದೇ ಕೇಂದ್ರ ಕಂಪ್ಯೂಟರಿಗೆ ನೂರಾರು ಪರದೆಗಳು ಜೋಡಣೆಯಾದವು. 1973ರಲ್ಲಿ ಡಗ್ ಬ್ರೌನ್ ಎಂಬವರು ‘ಟಾಕೋಮ್ಯಾಟಿಕ್’ ಎಂಬ ಕಾರ್ಯಕ್ರಮವನ್ನು ಬರೆದರು. ಅದರಲ್ಲಿ ಐದು ಮಂದಿ ಒಟ್ಟಿಗೆ ಸಂಭಾಷಿಸಬಹುದಾಗಿತ್ತು. ಒಬ್ಬೊಬ್ಬರಿಗೂ ಪರದೆಯ ಒಂದೊಂದು ಭಾಗ ಮೀಸಲು. ಬೆರಳು ಒತ್ತಿದ ಒಂದೊಂದು ಅಕ್ಷರವೂ ಒಡನೊಡನೆ ಎಲ್ಲರಿಗೂ ಕಾಣುತ್ತಿತ್ತು.

ಇದರ ಹಿಂದೆಯೇ ಇಬ್ಬರು ಮಾತ್ರ ಮಾತನಾಡುವ ಇನ್ನೊಂದು ಸೌಲಭ್ಯ ಬಂದಿತು. ಅದರಲ್ಲೊಂದು ವಿಶೇಷವಿತ್ತು: ಕಲಿಯುವವನು ಒಪ್ಪಿದರೆ ಸಲಹೆಗಾರನು ಆತನ ಪರದೆಯನ್ನು ತನ್ನ ಪರದೆಯ ಮೇಲೆ ಕಾಣಬಹುದಾಗಿತ್ತು. ಎಂದರೆ, ವಿದ್ಯಾರ್ಥಿ ಎಡವುತ್ತಿರುವ ಜಾಗವನ್ನು ಕಣ್ಣಾರೆ ನೋಡುತ್ತ ಸಂದೇಶದ ಮೂಲಕ ಎಚ್ಚರಿಸಬಹುದಾಗಿತ್ತು. ಆ ತಂತಿಗಳಲ್ಲಿ ಸೆಕೆಂಡಿಗೆ ಹರಿಯುತ್ತಿದ್ದುದು ಸುಮಾರು 1,200 ಬಿಟ್‌ಗಳು ಮಾತ್ರ. ನಮ್ಮ 304 ಬಿಟ್‌ಗಳ ಸಂದೇಶ ಅಲ್ಲಿ ಕಾಲು ಸೆಕೆಂಡಿನಲ್ಲಿ ಸಾಗುತ್ತಿತ್ತು. ಬರಹದ ಮೂಲಕ ಬೋಧಿಸಲು ಅಷ್ಟೇ ಸಾಕಾಗಿತ್ತೆಂಬುದು ಸ್ವಾರಸ್ಯ.

ಜೊತೆಯವರಿದ್ದರೆ ಆಗುವುದೇನು?

ಒಬ್ಬನೇ ಓದುವುದಕ್ಕೂ ನಾಲ್ವರೊಡನೆ ಓದುವುದಕ್ಕೂ ವ್ಯತ್ಯಾಸವಿದೆಯೆ? 1898ರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಈ ಪ್ರಶ್ನೆಯನ್ನು ಎತ್ತಿದರು. ಸೈಕಲ್ ಪಂದ್ಯಗಳಲ್ಲಿ ಒಂಟಿಯಾಗಿ ಓಡಿಸುವವನಿಗಿಂತ ಸ್ಪರ್ಧಿಗಳೊಡನೆ ಓಡಿಸುವವನು ಹೆಚ್ಚು ವೇಗ ತೋರುವುದನ್ನು ಅವರು ದಾಖಲೆಗಳಿಂದ ಕಂಡುಕೊಂಡರು. ಅನಂತರ ಮೀನಿನ ಗಾಳದ ದಾರವನ್ನು ಸುತ್ತುವ ರಾಟೆಯನ್ನು ಮಕ್ಕಳ ಕೈಗೆ ಕೊಟ್ಟು ಪ್ರಯೋಗ ಮಾಡಿದರು. ಜೊತೆಗಾರರಿದ್ದಾಗ ಸುಮಾರು ಅರ್ಧದಷ್ಟು ಮಕ್ಕಳು ವೇಗವಾಗಿ ಸುತ್ತಿದರು. ಕೆಲವರಲ್ಲಿ ವ್ಯತ್ಯಾಸ ಕಾಣಲಿಲ್ಲ. ಇನ್ನು ಕೆಲವರಂತೂ ಗಾಬರಿಗೊಂಡು ಹಿಂದೆ ಬಿದ್ದರು.

ಈ ವೈಚಿತ್ರ್ಯಕ್ಕೆ 1965ರಲ್ಲಿ ರಾಬರ್ಟ್ ಝಾಯನ್ಸ್ ಒಂದು ವಿವರಣೆ ಕೊಟ್ಟರು. ಇತರರ ಇರವು ನಮ್ಮನ್ನು ಉತ್ತೇಜಿಸುತ್ತದೆ. ಚೆನ್ನಾಗಿ ಅಭ್ಯಾಸವಾಗಿರುವ ಕೆಲಸ ಆ ಉತ್ತೇಜನದಿಂದ ಸುಗಮವಾಗುತ್ತದೆ. ಇನ್ನೂ ಕಲಿಯುತ್ತಿರುವ ಕಠಿಣವಾದ ಕೆಲಸ ಅದೇ ಉತ್ತೇಜನದಿಂದ ಕೆಡುತ್ತದೆ. ವಿದ್ಯಾರ್ಥಿಗಳಿಗೆ ಇದರಿಂದ ಒಂದು ಸೂತ್ರ ದೊರೆಯುತ್ತದೆ: ಹೊಸ ವಿಷಯವನ್ನು ಮೊದಲು ಏಕಾಂತದಲ್ಲಿ ಓದಬೇಕು, ಅಭ್ಯಾಸದ ಲೆಕ್ಕಗಳನ್ನು ಜೊತೆಗೂಡಿ ಮಾಡಬೇಕು.

ಹಗ್ಗ ಜಗ್ಗುವವರ ಕಥೆ

ಜೊತೆ ಒಳ್ಳೆಯದೆಂದು ನಲವತ್ತು ಮಂದಿಯನ್ನು ಸೇರಿಸಿದರಾಯಿತೆ? ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ 1913ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಉತ್ತರ ಹೇಳುತ್ತವೆ. ಒಬ್ಬನೇ ಎಳೆಯುವಾಗಿನ ಬಲವನ್ನು 100 ಎಂದು ಕರೆದರೆ, ನಾಲ್ವರು ಕೂಡಿ ಎಳೆದಾಗ ತಲೆಗೆ ದೊರೆಯುವ ಬಲ 77. ಎಂಟು ಮಂದಿ ಕೂಡಿದಾಗ ಕೇವಲ 49! ಎಲ್ಲರ ಎಳೆತವೂ ಒಂದೇ ಕ್ಷಣದಲ್ಲಿ, ಒಂದೇ ದಿಕ್ಕಿನಲ್ಲಿ ಬೀಳದಿರುವುದು ಇದಕ್ಕೆ ಒಂದು ಕಾರಣ. ‘ಇನ್ನೊಬ್ಬನು ಎಳೆಯುತ್ತಾನೆ’ ಎಂಬ ಭಾವನೆ ಮತ್ತೊಂದು ಕಾರಣ.

ನಮ್ಮ ದೊಡ್ಡ ಗುಂಪಿನಲ್ಲಿ ಆದದ್ದೂ ಇದೇ. ಪ್ರಶ್ನೆ ಬಂದಾಗ ಪ್ರತಿಯೊಬ್ಬನೂ ಮತ್ತೊಬ್ಬನು ಉತ್ತರಿಸಲೆಂದು ಕಾಯುತ್ತಿದ್ದನು. ಗಣಿತವೂ ದೊಡ್ಡ ಗುಂಪಿಗೆ ವಿರೋಧವಾಗಿಯೇ ಇದೆ. ಐವರಿದ್ದರೆ ಇಬ್ಬಿಬ್ಬರ ಜೋಡಿಗಳು 10; ನಲವತ್ತು ಮಂದಿಯಿದ್ದರೆ 780. ಅಷ್ಟು ಜೋಡಿಗಳ ಮಾತು ಒಂದೇ ಪರದೆಯಲ್ಲಿ ಹರಿದರೆ ಪಾಠದ ಪ್ರಶ್ನೆ ಹಬ್ಬದ ಶುಭಾಶಯಗಳ ನಡುವೆ ಮುಳುಗಿಹೋಗುವುದರಲ್ಲಿ ಆಶ್ಚರ್ಯವೇನು?

ಗಮನಕ್ಕೂ ಒಂದು ಜಡತ್ವವಿದೆ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ತಿರುಗಿದಾಗ ಗಮನದ ಒಂದಂಶ ಹಿಂದಿನದರಲ್ಲೇ ಅಂಟಿಕೊಂಡು ಉಳಿಯುತ್ತದೆಂದು 2009ರಲ್ಲಿ ಸೋಫಿ ಲೆರಾಯ್ ತೋರಿಸಿದರು. ಹತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸುವ ಮೊಬೈಲು ಕದಿಯುವುದು ಅದನ್ನು ನೋಡಿದ ಅರ್ಧ ನಿಮಿಷವನ್ನು ಮಾತ್ರವಲ್ಲ. ಆಮೇಲಿನ ಓದಿನಲ್ಲಿಯೂ ಒಂದು ಪಾಲನ್ನು ಅದು ಕೊಂಡೊಯ್ಯುತ್ತದೆ.

ಉತ್ತರ ಕೊಡುವುದೋ, ದಾರಿ ತೋರುವುದೋ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. 1989ರಲ್ಲಿ ಮಿಶೆಲೀನ್ ಚೀ ಮತ್ತು ಸಂಗಡಿಗರು, ನಮ್ಮ ಅದೃಷ್ಟಕ್ಕೆ, ಭೌತಶಾಸ್ತ್ರದ ಬಲವಿಜ್ಞಾನದ ಲೆಕ್ಕಗಳನ್ನೇ ಆರಿಸಿಕೊಂಡು ಒಂದು ಅಧ್ಯಯನ ಮಾಡಿದರು. ಬಿಡಿಸಿಟ್ಟ ಉದಾಹರಣೆಗಳನ್ನು ಓದುವಾಗ ‘ಈ ಹೆಜ್ಜೆ ಏಕೆ?’ ಎಂದು ತಮಗೆ ತಾವೇ ವಿವರಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಲೆಕ್ಕಗಳನ್ನು ಚೆನ್ನಾಗಿ ಬಿಡಿಸಿದರು. ಸುಮ್ಮನೆ ಓದಿಕೊಂಡವರು ಹಿಂದುಳಿದರು. ನಾವು ಕಳುಹಿಸುತ್ತಿದ್ದ ಹಾಳೆಯ ಚಿತ್ರಗಳು ಆ ‘ಏಕೆ’ಯನ್ನು ಕೇಳಿಕೊಳ್ಳುವ ಅವಕಾಶವನ್ನೇ ಕಿತ್ತುಕೊಂಡಿದ್ದವು.

ಅಲ್ಲಿಂದ ಮುಂದೆ ನಾವು ಪ್ರಶ್ನೆಗೆ ಪ್ರಶ್ನೆಯಿಂದಲೇ ಉತ್ತರಿಸತೊಡಗಿದೆವು. ಒಂದು ಸಂಭಾಷಣೆ ಹೀಗೆ ನಡೆಯಿತು:

“ಸರ್, ಇಳಿಜಾರಿನ ಲೆಕ್ಕ ಬರ್ತಾ ಇಲ್ಲ.”

“ವಸ್ತುವಿನ ಮೇಲೆ ಯಾವ ಯಾವ ಬಲಗಳಿವೆ? ಬರೆದು ಕಳಿಸಮ್ಮ.”

“ತೂಕ, ಘರ್ಷಣೆ. ಅಷ್ಟೇ ಸರ್.”

“ಹಲಗೆ ಇಲ್ಲದಿದ್ದರೆ ವಸ್ತು ಎಲ್ಲಿಗೆ ಹೋಗುತ್ತಿತ್ತು?”

ನಾಲ್ಕು ನಿಮಿಷ ಮೌನ. ಬಳಿಕ: “ಕೆಳಗೆ ಬೀಳ್ತಿತ್ತು. ಅಂದರೆ ಹಲಗೆ ಅದನ್ನ ತಳ್ತಾ ಇದೆ. ಲಂಬಬಲ ಬಿಟ್ಟಿದ್ದೆ ಸರ್!”

ಆ ನಾಲ್ಕು ನಿಮಿಷಗಳೇ ಪಾಠ. ತರಗತಿಯಲ್ಲಿ ಉತ್ತರಕ್ಕಾಗಿ ನಾಲ್ಕು ನಿಮಿಷ ಕಾಯುವಷ್ಟು ತಾಳ್ಮೆ ಯಾರಿಗಿದೆ? ಐವತ್ತು ಕಣ್ಣುಗಳ ಎದುರು ಅಷ್ಟು ಹೊತ್ತು ನಿಂತು ಯೋಚಿಸುವ ಧೈರ್ಯವಾದರೂ ಯಾವ ವಿದ್ಯಾರ್ಥಿಗಿದೆ? ಬರಹದ ಸಂಭಾಷಣೆಯಲ್ಲಿ ಮೌನಕ್ಕೆ ಅವಮಾನವಿಲ್ಲ. ಮೇಲಾಗಿ, ತಾನು ನಡೆದ ದಾರಿಯೆಲ್ಲ ಬರಹದಲ್ಲಿ ಉಳಿದಿರುತ್ತದೆ. ಪರೀಕ್ಷೆಯ ಹಿಂದಿನ ದಿನ ಅದನ್ನು ತಿರುಗಿ ಓದಬಹುದು.

ಒಂದು ಗಂಟೆಯ ನಿಯಮ

ಈ ಎಲ್ಲವನ್ನೂ ಕೂಡಿಸಿ ನಾವು ಮಾಡಿಕೊಂಡ ಏರ್ಪಾಡು ಬಹು ಸರಳವಾದುದು. ಐದೈದು ಮಂದಿಯ ಗುಂಪುಗಳು. ರಾತ್ರಿ ಏಳೂವರೆಯಿಂದ ಎಂಟೂವರೆಯವರೆಗೆ ಮಾತ್ರ ಸಂದೇಶ. ಆರಂಭದಲ್ಲಿ ಪ್ರತಿಯೊಬ್ಬರೂ ಆ ದಿನದ ಗುರಿಯನ್ನು ಒಂದು ಸಾಲಿನಲ್ಲಿ ಬರೆಯುವುದು. ‘ಚೆನ್ನಾಗಿ ಓದುತ್ತೇನೆ’ ಎಂದಲ್ಲ. ‘ಊಟಕ್ಕೆ ಮುಂಚೆ ಮೂರನೆಯ ಅಧ್ಯಾಯದ ಐದು ಲೆಕ್ಕ’ ಎಂದು. ಯಾವಾಗ, ಎಲ್ಲಿ, ಏನು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡ ಸಂಕಲ್ಪ ನೆರವೇರುವ ಸಂಭವ ಹೆಚ್ಚೆಂದು 1999ರಲ್ಲಿ ಪೀಟರ್ ಗೋಲ್‌ವಿಟ್ಸರ್ ವಿವರಿಸಿದ್ದಾರೆ. ಅನಂತರ ನಲವತ್ತು ನಿಮಿಷ ಮೊಬೈಲನ್ನು ಮುಟ್ಟದೆ ಕೆಲಸ. ಕೊನೆಯ ಇಪ್ಪತ್ತು ನಿಮಿಷ ಆದುದನ್ನೂ ಆಗದುದನ್ನೂ ವರದಿ ಮಾಡಿ, ಸಂದೇಹಗಳನ್ನು ಕೇಳುವುದು. ಉತ್ತರಿಸುವವರು ಮುಂದಿನ ಒಂದು ಹೆಜ್ಜೆಯನ್ನು ಮಾತ್ರ ಸೂಚಿಸತಕ್ಕದ್ದು. ಮಾತೆಲ್ಲ ಗುಂಪಿನಲ್ಲಿಯೇ ನಡೆಯತಕ್ಕದ್ದು. ಮನೆಯವರಿಗೆ ಅದು ತಿಳಿದಿರತಕ್ಕದ್ದು.

ಗೊತ್ತಾದ ವೇಳೆಯಿಂದ ನಾವು ಎಣಿಸದಿದ್ದ ಇನ್ನೊಂದು ಲಾಭವೂ ಆಯಿತು. ಮೇಲಿನ ಸಂಭಾಷಣೆಯ ವಿದ್ಯಾರ್ಥಿನಿಯ ಮನೆಯಲ್ಲಿದ್ದುದು ಒಂದೇ ಮೊಬೈಲು. ಅದು ಆಕೆಯ ಅಣ್ಣನದು. ಆತ ಕೆಲಸದಿಂದ ಏಳಕ್ಕೆ ಬರುತ್ತಿದ್ದನು. ದೊಡ್ಡ ಗುಂಪಿನ ದಿನಗಳಲ್ಲಿ ಆಕೆಯ ಕೈಗೆ ಮೊಬೈಲು ಬರುವ ವೇಳೆಗೆ ಇನ್ನೂರು ಸಂದೇಶಗಳು ಹರಿದುಹೋಗಿರುತ್ತಿದ್ದವು. ಆಕೆ ಏನನ್ನೂ ಕೇಳುತ್ತಿರಲಿಲ್ಲ. ಬಲವಿಜ್ಞಾನದಲ್ಲಿ ಒಮ್ಮೆ ನಪಾಸಾಗಿ, ಕಾಲೇಜು ಬಿಡುವ ಮಾತನ್ನೂ ಆಡಿದ್ದಳು. ‘ಏಳೂವರೆಯಿಂದ ಒಂದು ಗಂಟೆ’ ಎಂಬ ಕರಾರನ್ನು ಅಣ್ಣ ಸಂತೋಷದಿಂದ ಒಪ್ಪಿಕೊಂಡನು. ಆ ವರ್ಷದ ಕೊನೆಯಲ್ಲಿ ಆಕೆ ತೇರ್ಗಡೆಯಾದಳು. ಈಗ ಕೊನೆಯ ವರ್ಷದ ತರಗತಿಯಲ್ಲಿದ್ದಾಳೆ.

ಇದು ಸಂದೇಶದ ಫಲವೇ ಎಂದು ಕೇಳಿದರೆ ಭೌತಶಾಸ್ತ್ರದ ಅಧ್ಯಾಪಕರಾಗಿ ನಾವು ಹೌದೆನ್ನಲಾರೆವು. ಹೋಲಿಸಿ ನೋಡಲು ಈ ಏರ್ಪಾಡಿಲ್ಲದ ಇನ್ನೊಂದು ತರಗತಿ ನಮ್ಮಲ್ಲಿರಲಿಲ್ಲ. ಆಕೆಯ ಹಟವನ್ನು ಅಳೆಯುವ ಮಾಪಕವೂ ಇಲ್ಲ. ಆದರೆ ಓದುಗ ಮಿತ್ರರು ಈ ಪರೀಕ್ಷೆಯನ್ನು ತಾವೇ ಮಾಡಿ ನೋಡಬಹುದು. ನಾಲ್ವರು ಗೆಳೆಯರು ಕೂಡಿರಿ. ಎರಡು ವಾರ ನಿಯಮವಿಲ್ಲದೆ, ಎರಡು ವಾರ ನಿಯಮದೊಡನೆ ಓದಿ, ಪ್ರತಿದಿನ ಯಾರ ನೆರವೂ ಇಲ್ಲದೆ ಬಿಡಿಸಿದ ಹೊಸ ಲೆಕ್ಕಗಳನ್ನು ಎಣಿಸಿ ಬರೆದಿಡಿರಿ. ನಿಮ್ಮ ಗುಂಪಿಗೆ ಯಾವುದು ಹಿತವೆಂಬುದನ್ನು ಆ ಎರಡು ಸಾಲು ಅಂಕಿಗಳೇ ಹೇಳುವುವು.