ಗೇಮಿಂಗ್ ಕಂಪ್ಯೂಟರ್ ಜೋಡಣೆ: ಬಿಡಿಭಾಗಗಳ ಆಯ್ಕೆ, ಬಿಲ್ಲು ಮತ್ತು ಹೊಣೆ

ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮವು ತನ್ನ ಹೆಸರಿನ ಕುರಿ ತಳಿಯಿಂದಾಗಿ ನಾಡಿನಾದ್ಯಂತ ಪರಿಚಿತವಾಗಿದೆ. ಆದರೆ ಬಂಡೂರು ಕುರಿಯೆಂದು ಹೇಳಿ ಮಾರಿದ ಮಾತ್ರಕ್ಕೆ ಪ್ರತಿಯೊಂದು ಕುರಿಯೂ ಆ ತಳಿಯದಾಗುವುದಿಲ್ಲ. ಕಂಪ್ಯೂಟರ್ ವ್ಯಾಪಾರಕ್ಕೂ ಈ ಮಾತು ಅನ್ವಯಿಸುತ್ತದೆ. ಗೇಮಿಂಗ್‌ಗಾಗಿ ಬಿಡಿಭಾಗಗಳನ್ನು ಆಯ್ದು ಕಂಪ್ಯೂಟರ್ ಜೋಡಿಸಿಕೊಳ್ಳುವ ಪದ್ಧತಿ ಇಂದು ಗ್ರಾಮಾಂತರ ಪ್ರದೇಶಕ್ಕೂ ಹಬ್ಬಿದೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಅಂಗಡಿಗಳಲ್ಲಾಗಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಎಪ್ಪತ್ತು ಎಂಬತ್ತು ಸಾವಿರ ರೂಪಾಯಿ ತೆರುವ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ. ಜೋಡಿಸಿ ಕೊಡುವ ವರ್ತಕನ ಹೊಣೆಯೂ ಸಣ್ಣದಲ್ಲ.

ಹೆಸರಿಗಿಂತ ಪೀಳಿಗೆ ಮುಖ್ಯ

'ಐ7 ಗೇಮಿಂಗ್ ಕಂಪ್ಯೂಟರ್, ಅಗ್ಗದ ಬೆಲೆ' ಎಂಬ ಜಾಹೀರಾತು ಸಾಮಾನ್ಯ. ಇಂಟೆಲ್ ಸಂಸ್ಥೆಯು 2008ರಿಂದ ಕೋರ್ ಐ7 ಹೆಸರಿನಲ್ಲಿ ಅನೇಕ ಪೀಳಿಗೆಗಳ ಪ್ರೊಸೆಸರ್‌ಗಳನ್ನು ಮಾರಿದೆ. 2011ರ ಐ7-2600 ಎರಡನೆಯ ಪೀಳಿಗೆಯದು. 2022ರ ಐ3-12100 ಹನ್ನೆರಡನೆಯ ಪೀಳಿಗೆಯದು. ಹೆಸರಿನಲ್ಲಿ ಕಿರಿದಾದ ಎರಡನೆಯದೇ ಕೆಲಸದಲ್ಲಿ ಹಿರಿದು. ವಿಂಡೋಸ್ 10ಕ್ಕೆ ನೀಡಲಾಗುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11ಕ್ಕೆ ಅಧಿಕೃತವಾಗಿ ಅರ್ಹವಾದ ಇಂಟೆಲ್ ಕೋರ್ ಪ್ರೊಸೆಸರ್‌ಗಳು ಬಹುಮಟ್ಟಿಗೆ ಎಂಟನೆಯ ಪೀಳಿಗೆ ಮತ್ತು ಅದರ ನಂತರದವು. ಆದುದರಿಂದ ಹೆಸರನ್ನಲ್ಲದೆ ಪೂರ್ಣ ಮಾದರಿ ಸಂಖ್ಯೆಯನ್ನು ಕೇಳಿ ಪಡೆಯುವುದು ಮೊದಲ ಎಚ್ಚರಿಕೆ.

ಆಯ್ಕೆಯ ಕ್ರಮ

ಖರೀದಿಯನ್ನು ಮಾನಿಟರಿನಿಂದ ಆರಂಭಿಸುವುದು ಸೂಕ್ತ. 1920×1080 ಬಿಂದುಗಳ ಪರದೆಯಲ್ಲಿ ಸುಮಾರು 20.7 ಲಕ್ಷ ಬಿಂದುಗಳಿದ್ದರೆ, 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಬಿಂದುಗಳಿರುತ್ತವೆ. ಗ್ರಾಫಿಕ್ಸ್ ಕಾರ್ಡು ಪ್ರತಿ ಚಿತ್ರಕ್ಕೂ ನಾಲ್ಕು ಪಟ್ಟು ಬಿಂದುಗಳನ್ನು ತುಂಬಬೇಕಾಗುತ್ತದೆ. ಪರದೆ ನಿಶ್ಚಯವಾದರೆ ಕಾರ್ಡು ನಿಶ್ಚಯವಾಗುತ್ತದೆ. ಮಾನಿಟರ್ ಹೊರತುಪಡಿಸಿ ಉಳಿದ ಮೊತ್ತದ ಮೂರನೆಯ ಒಂದು ಭಾಗದಿಂದ ಶೇ. 40ರವರೆಗೆ ಗ್ರಾಫಿಕ್ಸ್ ಕಾರ್ಡಿಗೆ ಮೀಸಲಿಡುವುದು ಯುಕ್ತ.

ಎರಡನೆಯದು ಪ್ರೊಸೆಸರ್ ಮತ್ತು ಮದರ್‌ಬೋರ್ಡ್. ಇವೆರಡರ ಸಾಕೆಟ್ ಹೊಂದಲೇಬೇಕು. 2022ರಲ್ಲಿ ಬಂದ ಎ.ಎಂ.ಡಿ.ಯ ಎಎಂ5 ಸಾಕೆಟ್ ಡಿಡಿಆರ್5 ರ್‍ಯಾಮ್ ಅನ್ನು ಮಾತ್ರ ಒಪ್ಪುತ್ತದೆ. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ಟಿನ ಬೋರ್ಡುಗಳಲ್ಲಿ ಡಿಡಿಆರ್4 ಮತ್ತು ಡಿಡಿಆರ್5 ಎರಡು ಬಗೆಗಳೂ ಉಂಟು. ಒಂದರ ರ್‍ಯಾಮ್ ಇನ್ನೊಂದಕ್ಕೆ ಕೂರುವುದಿಲ್ಲ. 16 ಜಿ.ಬಿ.ಯ ಒಂದು ಪಟ್ಟಿಗಿಂತ 8 ಜಿ.ಬಿ.ಯ ಎರಡು ಪಟ್ಟಿಗಳನ್ನು ಹಾಕುವುದು ಮೇಲು, ಏಕೆಂದರೆ ಎರಡು ಮಾರ್ಗಗಳಲ್ಲಿ ಏಕಕಾಲಕ್ಕೆ ಮಾಹಿತಿ ಹರಿಯುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ರ್‍ಯಾಮ್ ಬೆಲೆ ತೀವ್ರವಾಗಿ ಏರಿತು. ಇಂತಹ ಪೇಟೆಯಲ್ಲಿ ಹಳೆಯ ದರಪಟ್ಟಿಯನ್ನು ನಂಬದೆ ಖರೀದಿಯ ದಿನದ ದರವನ್ನು ಲಿಖಿತವಾಗಿ ಪಡೆಯಬೇಕು.

ವಿದ್ಯುತ್ತಿನ ಲೆಕ್ಕ

ಗ್ರಾಹಕರು ಉಳಿತಾಯಕ್ಕೆ ಕೈಹಾಕುವುದು ಸಾಮಾನ್ಯವಾಗಿ ಎಸ್.ಎಂ.ಪಿ.ಎಸ್. ಮತ್ತು ಯು.ಪಿ.ಎಸ್.ಗಳಲ್ಲಿ. ವಿದ್ಯುತ್ ಏರಿಳಿತ ಹಾಗೂ ಕಡಿತ ಸಾಮಾನ್ಯವಾಗಿರುವ ಗ್ರಾಮಾಂತರದಲ್ಲಿ ಅತಿ ಹೆಚ್ಚು ನಷ್ಟ ತರುವ ಉಳಿತಾಯವೂ ಇದೇ. ಒಂದು ಉದಾಹರಣೆ: ಆರ್‌ಟಿಎಕ್ಸ್ 5060 ಕಾರ್ಡಿಗೆ 145 ವ್ಯಾಟ್, ಪೂರ್ಣ ಕೆಲಸದಲ್ಲಿ ರೈಜೆನ್ 5 7600 ಪ್ರೊಸೆಸರಿಗೆ ಸುಮಾರು 90, ಬೋರ್ಡು, ಫ್ಯಾನು, ಎಸ್.ಎಸ್.ಡಿ. ಇತ್ಯಾದಿಗಳಿಗೆ 60 ಎಂದಿಟ್ಟುಕೊಂಡರೆ ಒಟ್ಟು 295 ವ್ಯಾಟ್. ಎಸ್.ಎಂ.ಪಿ.ಎಸ್. ದಕ್ಷತೆ ಶೇ. 85 ಇದ್ದರೆ ಗೋಡೆಯ ಪ್ಲಗ್ಗಿನಿಂದ ಎಳೆಯುವುದು ಸುಮಾರು 347 ವ್ಯಾಟ್. ಮಾನಿಟರಿನ 30 ಸೇರಿದರೆ 377. ಪೇಟೆಯ ಸಾಮಾನ್ಯ 600 ವಿ.ಎ. ಯು.ಪಿ.ಎಸ್. ಕೊಡುವುದು ಸುಮಾರು 360 ವ್ಯಾಟ್ ಮಾತ್ರ. ಅಂದರೆ ಕರೆಂಟು ಹೋದ ಕ್ಷಣದಲ್ಲಿಯೇ ಕಂಪ್ಯೂಟರ್ ಆರಿಹೋಗುವ ಸಂಭವವಿದೆ. ಇಲ್ಲಿ 1000 ವಿ.ಎ. ಅಥವಾ ಅದಕ್ಕೂ ಮೇಲಿನದು ಬೇಕು. ವಿ.ಎ. ಮತ್ತು ವ್ಯಾಟ್ ಒಂದೇ ಅಲ್ಲವೆಂಬುದನ್ನು ಮರೆಯಬಾರದು. 80 ಪ್ಲಸ್ ಗುರುತು ದಕ್ಷತೆಯನ್ನು ಸೂಚಿಸುತ್ತದೆಯೇ ಹೊರತು ಒಳಗಿನ ಘಟಕಗಳ ಗುಣಮಟ್ಟಕ್ಕೆ ಖಾತರಿಯಲ್ಲ. ಹೆಸರಾಂತ ತಯಾರಕರ, ದೀರ್ಘ ವಾರಂಟಿಯ 550 ವ್ಯಾಟ್ ಘಟಕ ಈ ಜೋಡಣೆಗೆ ಸಾಕು. ಮನೆಯ ಅರ್ತಿಂಗ್ ಸರಿಯಿದೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳುವುದು ಅಗತ್ಯ.

ತೆರಿಗೆ ಮತ್ತು ಲೆಕ್ಕಪತ್ರ

ಕಂಪ್ಯೂಟರ್ ಹಾಗೂ ಅದರ ಮುಖ್ಯ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇ. 18. ಈ ಹಿಂದೆ ಶೇ. 28 ತೆರಿಗೆಯಿದ್ದ 32 ಅಂಗುಲ ಮೀರಿದ ಮಾನಿಟರ್‌ಗಳೂ 2025ರ ಸೆಪ್ಟೆಂಬರ್ 22ರಿಂದ ಇದೇ ದರಕ್ಕೆ ಇಳಿದಿವೆ. 70,000 ರೂ. ಮೌಲ್ಯದ ಸರಕಿಗೆ 12,600 ರೂ. ತೆರಿಗೆ ಸೇರಿ 82,600 ರೂ. ಆಗುತ್ತದೆ. ಗೇಮಿಂಗ್ ಕೇಂದ್ರ ನಡೆಸುವ ನೋಂದಾಯಿತ ವ್ಯಾಪಾರಿಯು ಸಾಮಾನ್ಯ ಪದ್ಧತಿಯಲ್ಲಿದ್ದರೆ 12,600 ರೂ.ಗಳ ಹೂಡುವಳಿ ತೆರಿಗೆ ಜಮೆ ಪಡೆದು, 70,000 ರೂ. ಮೇಲೆ ಶೇ. 40ರಂತೆ 28,000 ರೂ. ಸವಕಳಿ ಕಳೆಯಬಹುದು, ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಜಮೆ ಪಡೆದ ತೆರಿಗೆಯ ಮೇಲೆ ಸವಕಳಿ ದೊರೆಯದು. ಮನೆಯ ಮಕ್ಕಳ ಆಟಕ್ಕೆ ಕೊಂಡ ಕಂಪ್ಯೂಟರನ್ನು ಅಂಗಡಿಯ ಖಾತೆಗೆ ಸೇರಿಸುವುದು ಕಾನೂನುಸಮ್ಮತವಲ್ಲ.

ಜೋಡಿಸುವವನೂ ತಯಾರಕನೇ

ಅನೇಕ ವರ್ತಕರು ಗಮನಿಸದ ಅಂಶವೊಂದಿದೆ. ಗ್ರಾಹಕ ಸಂರಕ್ಷಣಾ ಅಧಿನಿಯಮ 2019ರ ಪ್ರಕಾರ ಇತರರು ತಯಾರಿಸಿದ ಭಾಗಗಳನ್ನು ಜೋಡಿಸುವವನೂ 'ಉತ್ಪನ್ನ ತಯಾರಕ'ನೆಂಬ ವ್ಯಾಖ್ಯೆಗೆ ಒಳಪಡುತ್ತಾನೆ. ಕಂಪ್ಯೂಟರ್ ಜೋಡಿಸಿ ತನ್ನ ಹೆಸರಿನಲ್ಲಿ ಮಾರುವ ಅಂಗಡಿಯು ದೋಷವೆಲ್ಲ ಕಂಪನಿಯದೆಂದು ಹೇಳಿ ಜಾರಿಕೊಳ್ಳುವುದು ಸುಲಭವಲ್ಲ. ಬಿಲ್ಲು ಕೊಡದಿರುವುದನ್ನೂ ಈ ಅಧಿನಿಯಮವು ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಬಹುದಾದ್ದರಿಂದ, ಎಸ್.ಪಿ. ರಸ್ತೆಯಲ್ಲಿ ಕೊಂಡ ಬಂಡೂರಿನ ಗ್ರಾಹಕನು ಮಂಡ್ಯದ ಜಿಲ್ಲಾ ಆಯೋಗಕ್ಕೆ ಹೋಗಬಹುದು.

ತೆರಿಗೆ ಉಳಿಸುವ ಆಸೆಯಿಂದ ಬಿಲ್ಲಿಲ್ಲದೆ ಕೊಂಡವನಿಗೆ ಈ ಹಕ್ಕನ್ನು ಸಾಧಿಸುವುದು ಕಷ್ಟ. ಬಿಡಿಭಾಗಗಳ ವಾರಂಟಿಗೂ ಬಹುತೇಕ ಬಿಲ್ಲೇ ಆಧಾರ. ಆದುದರಿಂದ ಬಿಲ್ಲಿನಲ್ಲಿ ಪ್ರತಿಯೊಂದು ಭಾಗದ ತಯಾರಕರ ಹೆಸರು, ಪೂರ್ಣ ಮಾದರಿ, ಸೀರಿಯಲ್ ಸಂಖ್ಯೆ ಮತ್ತು ವಾರಂಟಿ ಅವಧಿ ನಮೂದಾಗಿರಬೇಕು. ನವೀಕರಿಸಿದ ಹಳೆಯ ಭಾಗವಾದರೆ ಹಾಗೆಂದೇ ಬರೆದಿರಬೇಕು. ಬೋರ್ಡು, ಕಾರ್ಡು, ಪ್ರೊಸೆಸರುಗಳ ಖಾಲಿ ಪೆಟ್ಟಿಗೆಗಳನ್ನು ಗ್ರಾಹಕನು ಕೇಳಿ ಒಯ್ಯಬೇಕು. ಅಂಗಡಿಯಲ್ಲಿಯೇ ಅರ್ಧ ಗಂಟೆ ಆಟ ನಡೆಸಿ ನೋಡಿದ ನಂತರ ಹಣ ಸಂದಾಯ ಮಾಡುವುದು ಉಚಿತ. ಒಂದು ಭಾಗ ಬದಲಿಸಲು ಬಂಡೂರಿನಿಂದ ಬೆಂಗಳೂರಿಗೆ ಹೋಗಿಬರುವ ಒಂದು ದಿನದ ದುಡಿಮೆ ಇದರಿಂದ ಉಳಿಯುತ್ತದೆ; ವರ್ತಕನಿಗೆ ಮುಂದಿನ ವ್ಯಾಜ್ಯವೂ ತಪ್ಪುತ್ತದೆ.