ಹಬೆಯಲ್ಲಿ ಬಾಗಿದ ಹದಿನಾಲ್ಕನೇ ನಂಬರು

ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರ್ ಇರುವ ಮರದ ಪೆಟ್ಟಿಗೆ. ಅದರಲ್ಲಿ ಎಷ್ಟು ಕುರ್ಚಿ ಹಿಡಿಸೀತು? ನಮ್ಮ ಮನೆಗಳ ಊಟದ ಮೇಜಿನ ಕುರ್ಚಿಗಳಾದರೆ ಎರಡು ತುರುಕುವಷ್ಟರಲ್ಲಿ ಸಾಕುಬೇಕಾಗುತ್ತದೆ. 19ನೇ ಶತಮಾನದಲ್ಲಿ ಆಸ್ಟ್ರಿಯಾದ ಥೋನೆಟ್ ಕಂಪನಿ ಅಂಥದೇ ಪೆಟ್ಟಿಗೆಯಲ್ಲಿ 36 ಕುರ್ಚಿ ತುಂಬಿ ಹಡಗು ಹತ್ತಿಸುತ್ತಿತ್ತು. ಬಿಡಿ ಭಾಗಗಳಾಗಿ ಹೋದ ಕುರ್ಚಿಯನ್ನು ತಲುಪಿದ ಊರಿನಲ್ಲಿ ಸ್ಕ್ರೂ ತಿರುಗಿಸಿ ಜೋಡಿಸಿದರೆ ಕೆಲಸ ಮುಗಿಯಿತು. ಆರು ಮರದ ಭಾಗ, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಕಂಪನಿ ಅದಕ್ಕೆ ಇಟ್ಟ ಹೆಸರೂ ಅಷ್ಟೇ ಚುಟುಕು: ನಂಬರ್ 14.

ಹೆಸರು ಕೇಳದವರೂ ಈ ಕುರ್ಚಿಯನ್ನು ಕಂಡಿರುತ್ತಾರೆ. ಬೆನ್ನಿಗೆ ಕಮಾನಾಗಿ ಬಾಗಿದ ಕೋಲು, ಅದರೊಳಗೆ ಇನ್ನೊಂದು ಚಿಕ್ಕ ಕಮಾನು, ದುಂಡನೆಯ ಬೆತ್ತದ ಸೀಟು, ಕೆಳಗೆ ಹೋಗುತ್ತಾ ಸಣ್ಣಗಾಗುವ ಕಾಲುಗಳು. ಮುಂಬೈಯ ಇರಾನಿ ಕೆಫೆಗಳಲ್ಲಿ ಅಮೃತಶಿಲೆಯ ಮೇಜಿನ ಸುತ್ತ ಕೂತಿರುವುದು ಇದೇ ಕುಲದ ಕುರ್ಚಿಗಳು. ಈಗ ಬೆಂಗಳೂರಿನ ಹೊಸ ಕೆಫೆಗಳಲ್ಲೂ ಅಪಾರ್ಟ್‌ಮೆಂಟುಗಳ ಊಟದ ಮೂಲೆಗಳಲ್ಲೂ ಇದರ ಅಣ್ಣತಮ್ಮಂದಿರು ಕಾಣಿಸುತ್ತಾರೆ. ಒಳಾಂಗಣ ವಿನ್ಯಾಸದ ಪತ್ರಿಕೆಗಳು ಇದನ್ನು ‘ಕ್ಲಾಸಿಕ್’ ಎನ್ನುತ್ತವೆ. ಆ ಮಾತು ಕೇಳಿದವರಿಗೆ, ಯಾರೋ ಪ್ರತಿಭಾವಂತ ಕಾಗದದ ಮೇಲೆ ನಾಲ್ಕು ಗೆರೆ ಎಳೆದು ಇದನ್ನು ಹುಟ್ಟಿಸಿರಬೇಕು ಅನ್ನಿಸುವುದು ಸಹಜ. ಆದರೆ ಈ ರೂಪ ಕಾಗದದಲ್ಲಿ ಹುಟ್ಟಲಿಲ್ಲ. ಸಾಲ, ಸೆಕೆ, ಅಂಟು, ಕಾಡಿನ ಮರ, ಹಡಗಿನ ಬಾಡಿಗೆ ಎಲ್ಲವೂ ಸೇರಿ ಸುಮಾರು ಮೂವತ್ತು ವರ್ಷಗಳಲ್ಲಿ ಕುರ್ಚಿಯಿಂದ ಬೇಡದ್ದನ್ನು ಒಂದೊಂದಾಗಿ ಕಳಚಿಹಾಕಿದವು.

ಮಿಖಾಯೆಲ್ ಥೋನೆಟ್ ಹುಟ್ಟಿದ್ದು 1796ರಲ್ಲಿ, ರೈನ್ ನದಿ ದಂಡೆಯ ಬೊಪ್ಪಾರ್ಡ್ ಎಂಬ ಸಣ್ಣ ಊರಿನಲ್ಲಿ. ತಂದೆ ಚರ್ಮ ಹದಮಾಡುವವರು. ಮಗ ಬಡಗಿಯಾಗಿ 1819ರಲ್ಲಿ ಸ್ವಂತ ಕೆಲಸ ಶುರುಮಾಡಿದ. ಆ ಕಾಲದ ಸೊಗಸಿನ ಪೀಠೋಪಕರಣ ಎಂದರೆ ದಪ್ಪ ಹಲಗೆ, ಕೆತ್ತನೆ, ಮೆತ್ತೆ. ಬಾಗಿದ ಕಾಲು ಬೇಕೆಂದರೆ ಅಗಲವಾದ ಹಲಗೆ ತಂದು ಆ ಆಕಾರಕ್ಕೆ ಕೊಯ್ಯಬೇಕು. ಹಾಗೆ ಕೊಯ್ದಾಗ ಮರದ ಬಹುಪಾಲು ಚಕ್ಕೆಯಾಗಿ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಬಾಗಿದ ಜಾಗದಲ್ಲಿ ಮರದ ಎಳೆ ಅಡ್ಡಡ್ಡ ತುಂಡಾಗುತ್ತದೆ. ಕುರ್ಚಿ ಮುರಿಯುವುದು ಅಲ್ಲೇ. ಎಳೆಯನ್ನು ಕೊಯ್ಯದೆ, ಎಳೆಯೇ ತಿರುವಿನ ಜೊತೆ ತಿರುಗುವಂತೆ ಮಾಡಲು ಆಗುವುದಿಲ್ಲವೇ? 1830ರ ಸುಮಾರಿಗೆ ಥೋನೆಟ್ ಈ ಪ್ರಶ್ನೆಯ ಹಿಂದೆ ಬಿದ್ದ. ಮರವನ್ನು ತೆಳು ಪಟ್ಟಿಗಳಾಗಿ ಸೀಳಿ, ಕಟ್ಟುಕಟ್ಟಿ ಬಿಸಿ ಅಂಟಿನಲ್ಲಿ ಕುದಿಸಿ, ಮೆತ್ತಗಿರುವಾಗಲೇ ಅಚ್ಚಿಗೆ ಬಿಗಿದು ಒಣಗಿಸಿದ. ಹೀಗೆ ಬಂದ ಕುರ್ಚಿ ಹಗುರ, ಗಟ್ಟಿ. ಖರ್ಚೂ ಕಡಿಮೆ.

1841ರಲ್ಲಿ ಕೋಬ್ಲೆನ್ಸಿನ ಪ್ರದರ್ಶನದಲ್ಲಿ ಆ ಕುರ್ಚಿಗಳು ಆಸ್ಟ್ರಿಯಾದ ಪ್ರಬಲ ಮಂತ್ರಿ ಮೆಟರ್ನಿಕ್‌ನ ಕಣ್ಣಿಗೆ ಬಿದ್ದವು. ಅವನ ಆಹ್ವಾನದ ಮೇಲೆ ಮರುವರ್ಷ ಥೋನೆಟ್ ವಿಯೆನ್ನಾಗೆ ಹೋದ. ಅಲ್ಲಿ 1842ರಲ್ಲೇ, ಎಂಥ ಪೆಡಸು ಮರವನ್ನೂ ಬೇಕಾದ ಆಕಾರಕ್ಕೆ ಬಾಗಿಸುವ ವಿಧಾನಕ್ಕೆ ಸಾಮ್ರಾಜ್ಯದ ಹಕ್ಕುಪತ್ರ ಸಿಕ್ಕಿತು. ಇತ್ತ ಬೊಪ್ಪಾರ್ಡಿನಲ್ಲಿ ಸಾಲ ಕೊಟ್ಟವರು ಅವನ ಆಸ್ತಿಯನ್ನು ಜಪ್ತಿ ಮಾಡಿಕೊಂಡರು. ನಲವತ್ತಾರರ ಪ್ರಾಯದಲ್ಲಿ, ತುಂಬು ಸಂಸಾರ ಕಟ್ಟಿಕೊಂಡು, ಪರಸ್ಥಳದಲ್ಲಿ ಮತ್ತೆ ಇನ್ನೊಬ್ಬರ ಕೈಕೆಳಗೆ ಕೆಲಸ ಶುರುಮಾಡಿದ ಮನುಷ್ಯ ಅವನು. ಅವನ ಯಶಸ್ಸನ್ನು ಹೇಳುವವರು ಈ ವರ್ಷಗಳನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೋ ಇವೇ ಮುಖ್ಯವೆನಿಸುತ್ತವೆ. ವಿಯೆನ್ನಾದ ಲಿಕ್ಟೆನ್‌ಸ್ಟೈನ್ ಅರಮನೆಗೆ ಮರದ ನೆಲಹಾಸು ಮತ್ತು ಕುರ್ಚಿ ಮಾಡುತ್ತಲೇ ಅವನ ಕೈ ಪಳಗಿತು. ಮಕ್ಕಳೂ ಜೊತೆಗೆ ದುಡಿದರು. 1849ರಲ್ಲಿ ಮತ್ತೆ ಸ್ವಂತ ಕಾರ್ಯಾಗಾರ ತೆರೆದ. ವಿಯೆನ್ನಾದ ಹೆಸರಾಂತ ಕೆಫೆ ಡೌಮ್ ಅವನ ಕುರ್ಚಿಗಳನ್ನು ತರಿಸಿಕೊಂಡಿತು. ದಿನವಿಡೀ ಎಳೆದಾಡಿಸಿಕೊಳ್ಳುವ ಕೆಫೆಯ ಕುರ್ಚಿ ತಾಳಿದ್ದನ್ನು ನೋಡಿದ ಮೇಲೆ ಬೇರೆ ಜಾಹೀರಾತು ಯಾರಿಗೆ ಬೇಕು! 1851ರ ಲಂಡನ್ ಮಹಾಪ್ರದರ್ಶನದಲ್ಲಿ ಕಂಚಿನ ಪದಕ ಬಂತು. 1853ರಲ್ಲಿ ಕಂಪನಿಯನ್ನು ಐವರು ಗಂಡುಮಕ್ಕಳ ಹೆಸರಿಗೆ ಮಾಡಿಕೊಟ್ಟ.

ಕಡಲಾಚೆಯಿಂದ ಬೇಡಿಕೆ ಬರತೊಡಗಿದಾಗ ಹೊಸ ತೊಡಕು ಎದುರಾಯಿತು. ಬಿಸಿಲು, ತೇವ ಎರಡೂ ಹೆಚ್ಚಿರುವ ನಾಡುಗಳಲ್ಲಿ ಅಂಟು ಸಡಿಲಿ ಪದರಗಳು ಬಿಟ್ಟುಕೊಂಡವು. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಪ್ಲೈವುಡ್ಡಿನ ಕಪಾಟು ಊದಿಕೊಂಡು ಬಾಗಿಲು ಕೂರದಿರುವುದನ್ನು ಅವರು ವರ್ಷವರ್ಷವೂ ನೋಡುತ್ತಾರೆ. ಅಂಟೇ ಇಲ್ಲದ ಕುರ್ಚಿ ಬೇಕಾಯಿತು. ಎಂದರೆ ಪಟ್ಟಿಗಳ ಕಟ್ಟನ್ನಲ್ಲ, ಇಡೀ ಕೋಲನ್ನೇ ಬಾಗಿಸಬೇಕು.

ಅದು ಸುಲಭವಲ್ಲ. ಮರದ ಕೋಲನ್ನು ಬಾಗಿಸಿದಾಗ ಒಳಮೈ ಒತ್ತಿಕೊಳ್ಳುತ್ತದೆ, ಹೊರಮೈ ಹಿಗ್ಗುತ್ತದೆ. ಹಬೆಯಲ್ಲಿ ಬೆಂದ ಮರ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಹಿಗ್ಗನ್ನು ಮಾತ್ರ ತಾಳುವುದಿಲ್ಲ. ಸ್ವಲ್ಪ ಹೆಚ್ಚು ಎಳೆದರೂ ಹೊರಗಡೆಯ ನಾರು ಸೀಳಿ ನಿಲ್ಲುತ್ತದೆ. ಥೋನೆಟ್ ಕಂಡುಕೊಂಡ ಉಪಾಯ ಒಂದು ತೆಳು ಕಬ್ಬಿಣದ ಪಟ್ಟಿ. ಕೋಲಿನ ಹೊರಮೈಗೆ ಅದನ್ನಿಟ್ಟು ಎರಡೂ ತುದಿಯಲ್ಲಿ ಭದ್ರವಾಗಿ ಹಿಡಿಸಿದ. ಕಬ್ಬಿಣ ಹಿಗ್ಗಲು ಬಿಡುವುದಿಲ್ಲ. ಹಾಗಾಗಿ ಬಾಗಿಸಿದಾಗ ಇಡೀ ಕೋಲು ಒಳಮುಖವಾಗಿ ಒತ್ತಿಕೊಳ್ಳುತ್ತದೆಯೇ ಹೊರತು ಎಲ್ಲೂ ಹರಿಯುವುದಿಲ್ಲ. ಮರಕ್ಕೆ ಆಗದ ಕೆಲಸವನ್ನು ಅದರಿಂದ ಮಾಡಿಸಲಿಲ್ಲ, ಆಗುವುದನ್ನಷ್ಟೇ ಮಾಡಿಸಿದ. ಕೈಕಸುಬಿನ ಚರಿತ್ರೆಯಲ್ಲಿ ಇಷ್ಟು ಸಣ್ಣ ವಸ್ತುವಿನಿಂದ ಇಷ್ಟು ದೊಡ್ಡ ಬಾಗಿಲು ತೆರೆದದ್ದು ಅಪರೂಪ. ಇಡೀ ಮರವನ್ನು ಬಾಗಿಸುವ ಈ ವಿಧಾನಕ್ಕೆ 1856ರಲ್ಲಿ ಹಕ್ಕುಪತ್ರ ದೊರೆಯಿತು.

ಇದಕ್ಕೆ ಒದಗಿದ್ದು ಬೀಚ್ ಮರ. ಎಳೆ ನೇರ, ಹಬೆಗೆ ಚೆನ್ನಾಗಿ ಬಾಗುತ್ತದೆ, ದುಬಾರಿಯೂ ಅಲ್ಲ. ಮರವನ್ನು ಪಟ್ಟಣಕ್ಕೆ ಸಾಗಿಸುವ ಬದಲು ಕಾರ್ಖಾನೆಯನ್ನೇ ಕಾಡಿನ ಬಳಿಗೆ ಒಯ್ದರು. 1857ರಲ್ಲಿ ಮೊರಾವಿಯಾದ ಕೋರಿಚಾನ್‌ನಲ್ಲಿ, ಈಗಿನ ಜೆಕ್ ದೇಶದಲ್ಲಿ, ಮೊದಲ ದೊಡ್ಡ ಕಾರ್ಖಾನೆ ಎದ್ದಿತು. ಕಾಡು ಹತ್ತಿರ, ಕೂಲಿ ಅಗ್ಗ. ಒಬ್ಬ ಕೋಲು ಸೀಳಿದರೆ ಇನ್ನೊಬ್ಬ ಲೇತಿನಲ್ಲಿ ಕಡೆಯುವುದು. ಹಬೆ ಪೆಟ್ಟಿಗೆಯಿಂದ ತೆಗೆದ ಕೋಲನ್ನು ಬಿಸಿ ಆರುವ ಮೊದಲೇ ಇಬ್ಬರು ಸೇರಿ ಕಬ್ಬಿಣದ ಅಚ್ಚಿಗೆ ಬಾಗಿಸುವುದು. ಅಚ್ಚಿನ ಸಮೇತ ಬಿಸಿ ಕೋಣೆಯಲ್ಲಿ ಒಣಗಿಸುವುದು. ಉಜ್ಜುವ, ಪಾಲಿಶ್ ಮಾಡುವ, ಬೆತ್ತ ಹೆಣೆಯುವ ಕೆಲಸ ಹೆಚ್ಚಾಗಿ ಹೆಂಗಸರದು. ಇಡೀ ಕುರ್ಚಿ ಮಾಡಬಲ್ಲ ನುರಿತ ಬಡಗಿ ಆ ಸಾಲಿನಲ್ಲಿ ಯಾರೂ ಬೇಕಿರಲಿಲ್ಲ. ಕುರ್ಚಿಯ ಅಗ್ಗದ ಬೆಲೆ ಬಂದದ್ದು ಇಲ್ಲಿಂದ. ಆ ಹೆಣ್ಣುಮಕ್ಕಳ ಬೆರಳುಗಳು ಬೆತ್ತದ ಒಂದೊಂದು ಕಣ್ಣನ್ನೂ ಬಿಗಿ ತಪ್ಪದಂತೆ ನೇಯ್ದದ್ದರಿಂದಲೇ ಈ ಕುರ್ಚಿ ನಿಂತಿತು. ವಿನ್ಯಾಸದ ಪುಸ್ತಕಗಳು ಥೋನೆಟ್‌ನ ಹೆಸರಿನ ಜೊತೆ ಅವರನ್ನೂ ನೆನೆಯಬೇಕು.

ನಂಬರ್ 14 ಬಂದದ್ದು 1859ರಲ್ಲಿ. ಅದಕ್ಕೆ ಮೊದಲಿನ ಮಾದರಿಗಳ ಬೆನ್ನಿನಲ್ಲಿ ಒಂದಿಷ್ಟು ಬಳ್ಳಿಯಾಟ ಇರುತ್ತಿತ್ತು. ಇದರಲ್ಲಿ ಅದೂ ಹೋಯಿತು. ಹಿಂಗಾಲಿನಿಂದ ಹೊರಟ ಕೋಲು ಬೆನ್ನಿನ ಕಮಾನಾಗಿ ಬಳಸಿ ಇನ್ನೊಂದು ಹಿಂಗಾಲಾಗಿ ನೆಲ ಮುಟ್ಟುತ್ತದೆ. ಎರಡು ಕಾಲು, ಒಂದು ಬೆನ್ನು, ಆದರೆ ಕೋಲು ಒಂದೇ. ಒಳಗಿನ ಕಮಾನು, ಸೀಟಿನ ಬಳೆ, ಮುಂದಿನ ಎರಡು ಕಾಲು, ಕಾಲುಗಳನ್ನು ಹಿಡಿದಿಡುವ ಕೆಳಬಳೆ ಸೇರಿದರೆ ಆರು. ಕೀಲಿನಲ್ಲಿ ಅಂಟಿನ ಬದಲು ಸ್ಕ್ರೂ, ಹಾಗಾಗಿ ಬಿಚ್ಚಿ ಕಳಿಸಬಹುದು. ಸೀಟಿಗೆ ಬೆತ್ತ, ಹಾಗಾಗಿ ಹಗುರ. ಸೆಕೆಯಲ್ಲಿ ಗಾಳಿಯಾಡುತ್ತದೆ, ಚೆಲ್ಲಿದ ಕಾಫಿ ಕೆಳಗಿಳಿದು ಹೋಗುತ್ತದೆ. ಬೆಲೆ ಮೂರು ಗುಲ್ಡನ್. 1930ರೊಳಗೆ ಸುಮಾರು 5 ಕೋಟಿ ಕುರ್ಚಿ ಮಾರಾಟವಾದವು.

1869ರಲ್ಲಿ ಹಕ್ಕುಪತ್ರದ ಅವಧಿ ಮುಗಿಯಿತು. ಎರಡು ವರ್ಷದಲ್ಲಿ ಥೋನೆಟ್ ತೀರಿಕೊಂಡ. ಕೋನ್ ಮೊದಲಾದ ಕಂಪನಿಗಳು ಅದೇ ರೂಪದ ಕುರ್ಚಿ ಮಾಡಿ ಪೈಪೋಟಿಗೆ ಇಳಿದವು. ಆದ್ದರಿಂದಲೇ ಜಗತ್ತಿನ ಹಳೆಯ ಕೆಫೆಗಳ ಇಂಥ ಕುರ್ಚಿಗಳೆಲ್ಲ ಥೋನೆಟ್ ಕಾರ್ಖಾನೆಯವಲ್ಲ. ನನ್ನ ಮಟ್ಟಿಗೆ ಇದು ಕುರ್ಚಿಗೆ ಸಂದ ಗೌರವ. ಒಂದು ಮನೆತನದ ಗುಟ್ಟಾಗಿದ್ದ ವಿದ್ಯೆ ಎಲ್ಲರದಾಯಿತು.

ಇಷ್ಟು ಕಾಲ ಇದು ಸಾಮಾನ್ಯರ ಕುರ್ಚಿಯೇ. ಸಿರಿವಂತರ ದಿವಾನಖಾನೆಯಲ್ಲಿ ಆಗಲೂ ಕೆತ್ತನೆಯ ಸೋಫಾಗಳದೇ ಕಾರುಬಾರು. ದೃಷ್ಟಿ ಬದಲಾದದ್ದು 20ನೇ ಶತಮಾನದಲ್ಲಿ. ಮುಂದೆ ಚಂಡೀಗಢ ಕಟ್ಟಲು ನಮ್ಮ ದೇಶಕ್ಕೆ ಬಂದ ಲ ಕಾರ್ಬೂಸಿಯೆ 1925ರ ಪ್ಯಾರಿಸ್ ಪ್ರದರ್ಶನದಲ್ಲಿ ಮಾದರಿ ಮನೆಯೊಂದನ್ನು ಕಟ್ಟಿ, ಅದರೊಳಗೆ ಇದೇ ಬಳಗದ ಕೈಯಿರುವ ಥೋನೆಟ್ ಕುರ್ಚಿಯನ್ನು ಇಟ್ಟ. ಹೊಸ ಕಾಲದ ಮನೆಗೆ ಹೊಸ ಕುರ್ಚಿಯನ್ನೇ ಹುಡುಕಬೇಕಾಗಿಲ್ಲ, ಕಾರ್ಖಾನೆಯಲ್ಲಿ ಆಗಲೇ ತಯಾರಾಗುತ್ತಿರುವುದೇ ಸಾಕು ಎಂಬುದು ಅವನ ನಿಲುವು.

ಸಣ್ಣ ಮನೆಗಳಿಗೆ ಈ ಕುರ್ಚಿ ಎಷ್ಟು ಹೊಂದುತ್ತದೆ ಎಂಬುದನ್ನು ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ನೋಡಬೇಕು. ದಪ್ಪ ಮೆತ್ತೆಯ ಎತ್ತರ ಬೆನ್ನಿನ ಕುರ್ಚಿ ಆರು ಇಟ್ಟರೆ ಹತ್ತಡಿಯ ಕೋಣೆ ತುಂಬಿಹೋಗುತ್ತದೆ. ಕಮಾನಿನ ಕುರ್ಚಿಯ ಬೆನ್ನಿನ ಮೂಲಕ ಆಚೆಯ ಗೋಡೆ, ಕಿಟಕಿಯ ಬೆಳಕು ಕಾಣುತ್ತಲೇ ಇರುತ್ತದೆ. ಕುರ್ಚಿ ಇದ್ದರೂ ಜಾಗ ಖಾಲಿ ಇದ್ದಂತೆ. ಒಂದೇ ಕೈಯಲ್ಲಿ ಎತ್ತಿ ಆಚೆ ಇಟ್ಟು ಕಸ ಗುಡಿಸಬಹುದು. ಗಂಟೆಗಟ್ಟಲೆ ಕೂತು ಕಂಪ್ಯೂಟರ್ ಕೆಲಸ ಮಾಡಲು ಇದು ಸಲ್ಲದು ಎಂಬುದೂ ನಿಜ. ಬೆನ್ನಿಗೆ ಆಸರೆ ಕಡಿಮೆ.

ಕೊಳ್ಳುವವರು ನೋಡಬೇಕಾದದ್ದು ಮರದ ಎಳೆಯನ್ನು. ಬೆನ್ನಿನ ಕಮಾನು ಅತಿ ಹೆಚ್ಚು ತಿರುಗುವ ಜಾಗದಲ್ಲಿ ಎಳೆಯೂ ತುಂಡಾಗದೆ ತಿರುಗಿ ಸಾಗಿದ್ದರೆ ಅದು ಹಬೆಯಲ್ಲಿ ಬಾಗಿದ ಮರ. ಎಳೆ ನೇರವಾಗಿ ಹೋಗಿ ಅಂಚಿನಲ್ಲಿ ಕೊನೆಗೊಂಡಿದ್ದರೆ, ಅಲ್ಲಲ್ಲಿ ತುಂಡು ಸೇರಿಸಿದ ಗುರುತಿದ್ದರೆ, ಅದು ಹಲಗೆಯಿಂದ ಕೊಯ್ದದ್ದು. ರೂಪ ಅದೇ ಆದರೂ ಬಲ ಅದಲ್ಲ. ಹಳೆಯ ಕುರ್ಚಿಯಾದರೆ ಬೋರಲು ಹಾಕಿ ಸೀಟಿನ ಬಳೆಯ ಒಳಮೈ ನೋಡಿ. ಕಾರ್ಖಾನೆಯ ಮುದ್ರೆ ಅಥವಾ ಕಾಗದದ ಚೀಟಿ ಇದ್ದರೆ ಅಲ್ಲೇ ಇರುತ್ತದೆ. ಅಲುಗಾಡುತ್ತಿದ್ದರೆ ಹೆದರಬೇಕಿಲ್ಲ, ಸ್ಕ್ರೂ ಬಿಗಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬೆತ್ತ ಹರಿದಿದ್ದರೆ ಹೆಣೆಯುವವರನ್ನು ಹುಡುಕಿ, ಪ್ಲಾಸ್ಟಿಕ್ ವೈರಿಗೆ ಒಪ್ಪಬೇಡಿ. ಇನ್ನು ಹೊಸದೇ ಬೇಕೆನ್ನುವವರಿಗೆ, ಥೋನೆಟ್ ಕುಟುಂಬ 1861ರಲ್ಲಿ ಜೆಕ್ ನೆಲದ ಬಿಸ್ಟ್ರಿಟ್ಸೆಯಲ್ಲಿ ತೆರೆದ ಕಾರ್ಖಾನೆಯಲ್ಲಿ ಟಾನ್ ಎಂಬ ಕಂಪನಿ ಈಗಲೂ ಬೀಚ್ ಕೋಲುಗಳನ್ನು ಹಬೆಗಿಟ್ಟು ಕೈಯಿಂದ ಬಾಗಿಸಿ 14ನೇ ನಂಬರನ್ನು ಮಾಡುತ್ತಿದೆ. ಜರ್ಮನಿಯ ಫ್ರಾಂಕೆನ್‌ಬರ್ಗಿನಲ್ಲಿರುವ ಥೋನೆಟ್ ಕಂಪನಿಯಲ್ಲೂ ಅದೇ ಕುರ್ಚಿ ಸಿಗುತ್ತದೆ, ಅಲ್ಲಿ ಅದರ ನಂಬರು ಈಗ 214.