ಬಡ್ಡಿಯ ಲೆಕ್ಕ, ಧರ್ಮದ ಲೆಕ್ಕ

ಇಟಲಿಯ ಪಡುವಾದಲ್ಲಿ ಒಂದು ಸಣ್ಣ ಪ್ರಾರ್ಥನಾ ಮಂದಿರವಿದೆ. ಜಾತ್ತೊ ಎಂಬ ಚಿತ್ರಕಾರ 1305ರ ಹೊತ್ತಿಗೆ ಅದರ ಗೋಡೆಗಳ ತುಂಬ ಯೇಸುವಿನ ಮತ್ತು ಮೇರಿಯಮ್ಮನ ಬದುಕನ್ನು ಬರೆದ. ಕಟ್ಟಿಸಿದವನು ಎನ್ರಿಕೊ ಸ್ಕ್ರೊವೆನ್ಯಿ. ಅವನ ತಂದೆ ರೆಜಿನಾಲ್ಡೊ ಬಡ್ಡಿ ವ್ಯವಹಾರದಿಂದ ಸಿರಿವಂತನಾದವನು. ಕವಿ ದಾಂತೆ ತನ್ನ ಕಾವ್ಯದ ನರಕದಲ್ಲಿ, ಕೊರಳಿಗೆ ಹಣದ ಚೀಲ ಕಟ್ಟಿಕೊಂಡು ಸುಡುವ ಮರಳಿನ ಮೇಲೆ ಕೂತ ಬಡ್ಡಿಗಾರರ ನಡುವೆ ಈ ತಂದೆಯನ್ನೂ ಕೂರಿಸಿದ್ದಾನೆ. ಹೆಸರು ಹೇಳಿಲ್ಲ. ಚೀಲದ ಮೇಲೆ ಆ ಮನೆತನದ ಲಾಂಛನವಾದ ಹೆಣ್ಣುಹಂದಿಯನ್ನು ತೋರಿಸಿದ್ದಾನೆ. ಅಂದಿನ ಓದುಗರಿಗೆ ಅಷ್ಟು ಸಾಕಾಗಿತ್ತು. ಮಂದಿರದಲ್ಲಿರುವ ಅಂತಿಮ ತೀರ್ಪಿನ ಚಿತ್ರದಲ್ಲಿ ಮಗ ಮೊಣಕಾಲೂರಿ, ಆ ಮಂದಿರದ್ದೇ ಪ್ರತಿಕೃತಿಯನ್ನು ಮೇರಿಯಮ್ಮನಿಗೆ ಅರ್ಪಿಸುತ್ತಿದ್ದಾನೆ. ಅಪ್ಪನ ಪಾಪಕ್ಕೆ ಮಗ ಮಾಡಿದ ಪ್ರಾಯಶ್ಚಿತ್ತವಿದು ಎಂಬ ಮಾತು ಬಹುಕಾಲದಿಂದ ನಡೆದುಬಂದಿದೆ.

ಇಂದು ಬಡ್ಡಿ ಪಡೆಯುವುದು ಪಾಪವೆಂದು ನಮ್ಮಲ್ಲಿ ಹೆಚ್ಚಿನವರಿಗೆ ಅನಿಸುವುದಿಲ್ಲ. ಪಾಸ್‌ಬುಕ್ಕಿನಲ್ಲಿ ಬಡ್ಡಿ ಜಮೆಯಾಗಿದ್ದರೆ ನೆಮ್ಮದಿ ಆಗುತ್ತದೆ. ಈ ಎರಡು ಮನಸ್ಥಿತಿಗಳ ನಡುವಿನ ದಾರಿಯಲ್ಲೇ ಬಂಡವಾಳಶಾಹಿ ಬೆಳೆದದ್ದು. ಅದು ಧರ್ಮಗಳ ನೀತಿಯೊಡನೆ ಕೂಡಿ ಬಾಳಬಲ್ಲುದೇ ಎಂಬ ಪ್ರಶ್ನೆಗೆ ಕೂಲಿ, ಆಸ್ತಿ, ದಾನ ಎಂದು ಹಲವು ಬಾಗಿಲುಗಳಿವೆ. ಈ ಅಧ್ಯಾಯ ಬಡ್ಡಿಯ ಬಾಗಿಲಿನಿಂದ ಒಳಹೋಗುತ್ತದೆ. ಧರ್ಮ ಮತ್ತು ಬಂಡವಾಳ ಎದುರುಬದುರಾಗಿ ನಿಂತು ಸಾವಿರಾರು ವರ್ಷ ವಾದ ಮಾಡಿದ್ದು ಇಲ್ಲಿಯೇ.

ಯಹೂದಿಗಳ ಧರ್ಮಗ್ರಂಥ ಬಡ ಸೋದರನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಕೇಳಬೇಡ ಎಂದಿತು. ಹೊರಗಿನವರಿಂದ ಪಡೆಯಬಹುದು ಎಂದಿತು. ಕ್ರೈಸ್ತ ಸಭೆ 325ರ ನೈಸಿಯಾ ಸಮ್ಮೇಳನದಲ್ಲಿ ತನ್ನ ಪಾದ್ರಿಗಳಿಗೆ ಬಡ್ಡಿಯನ್ನು ನಿಷೇಧಿಸಿತು. 1179ರ ಹೊತ್ತಿಗೆ, ಬಡ್ಡಿಗಾರನೆಂದು ಜಗಜ್ಜಾಹೀರಾದವನಿಗೆ ಕ್ರೈಸ್ತ ರೀತಿಯ ಸಮಾಧಿಯೂ ಇಲ್ಲ ಎಂದು ಕಟ್ಟಪ್ಪಣೆ ಮಾಡಿತು. ಕುರಾನ್ ವ್ಯಾಪಾರವನ್ನು ಒಪ್ಪಿ ಬಡ್ಡಿಯನ್ನು ನಿಷೇಧಿಸಿತು. ಪ್ರವಾದಿ ಮುಹಮ್ಮದರೇ ಖದೀಜಾ ಅವರ ಸರಕನ್ನು ಹೊತ್ತು ವ್ಯಾಪಾರಕ್ಕೆ ಹೋದವರು. ಬಂಡವಾಳ ಒಬ್ಬರದು, ದುಡಿಮೆ ಇನ್ನೊಬ್ಬರದು, ಲಾಭದಲ್ಲಿ ಇಬ್ಬರಿಗೂ ಪಾಲು: ಇಂಥ ಒಪ್ಪಂದ ಇಸ್ಲಾಮೀ ಕಾನೂನಿನಲ್ಲಿ ಮುದಾರಬಾ ಎಂಬ ಹೆಸರಿನಿಂದ ಇಂದಿಗೂ ಇದೆ. ಸರಕು ಮುಳುಗಿದರೆ ಹಣವಂತನ ಹಣ ಹೋಯಿತು, ದುಡಿದವನ ಶ್ರಮ ಹೋಯಿತು.

ನನಗೆ ಇಡೀ ವಾದದ ತಿರುಳು ಇಲ್ಲಿದೆ ಅನಿಸುತ್ತದೆ. ಈ ಧರ್ಮಗಳು ಲಾಭವನ್ನು ಪಾಪವೆನ್ನಲಿಲ್ಲ, ಮಾರುಕಟ್ಟೆಯನ್ನು ಪಾಪವೆನ್ನಲಿಲ್ಲ. ಬೆಳೆ ಬರಲಿ ಬಿಡಲಿ, ಹಡಗು ದಡ ಸೇರಲಿ ಮುಳುಗಲಿ, ನನ್ನ ದುಡ್ಡು ಬೆಳೆದೇ ತೀರಬೇಕು ಎಂಬ ಹಕ್ಕನ್ನು ಅವು ಪ್ರಶ್ನಿಸಿದವು. ನಷ್ಟ ಯಾರ ಹೆಗಲಿಗೆ ಎಂಬುದೇ ಅವುಗಳ ಪ್ರಶ್ನೆಯಾಗಿತ್ತು.

ಪ್ರಶ್ನೆ ಸರಿಯಾದದ್ದೆಂದ ಮಾತ್ರಕ್ಕೆ ಉತ್ತರ ಸುಲಭವಿರಲಿಲ್ಲ. ಪ್ರತಿ ಏಳನೆಯ ವರ್ಷ ಸಾಲಗಳನ್ನು ಮನ್ನಾ ಮಾಡಬೇಕೆಂಬ ನಿಯಮ ಯಹೂದಿಗಳಲ್ಲಿತ್ತು. ಏಳನೆಯ ವರ್ಷ ಹತ್ತಿರವಾದಂತೆ ಸಾಲ ಕೊಡುವವರು ಕೈ ಬಿಗಿಹಿಡಿದರು. ಬಿತ್ತನೆ ಬೀಜಕ್ಕೆ ಕಾಸಿಲ್ಲದೆ ಕಂಗಾಲಾದವರು ಬಡವರೇ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಹಿಲ್ಲೆಲ್ ಎಂಬ ಧರ್ಮಪಂಡಿತರು ಸಾಲಪತ್ರವನ್ನು ನ್ಯಾಯಮಂಡಳಿಯ ವಶಕ್ಕೆ ಒಪ್ಪಿಸುವ ವ್ಯವಸ್ಥೆ ತಂದರು. ಮನ್ನಾ ನಿಯಮ ಖಾಸಗಿ ಸಾಲಕ್ಕೆ ಮಾತ್ರ ಅನ್ವಯ, ಮಂಡಳಿಯ ಮೂಲಕ ವಸೂಲಾಗುವುದಕ್ಕೆ ಅಲ್ಲ. ಬಡವನಿಗೆ ಸಾಲ ಸಿಗಲೆಂದೇ ಬಡವನ ರಕ್ಷಣೆಯ ನಿಯಮವನ್ನು ಬಗ್ಗಿಸಬೇಕಾಯಿತು. ಹಿಲ್ಲೆಲ್ ಮಾಡಿದ್ದು ತಪ್ಪೆಂದು ಹೇಳಲು ನನಗೆ ಧೈರ್ಯವಿಲ್ಲ.

ಫ್ಲಾರೆನ್ಸಿನಲ್ಲಿ ನಡೆದದ್ದು ಬೇರೆಯೇ. ಮೆಡಿಚಿ ಮನೆತನದ ಬ್ಯಾಂಕು 1397ರಲ್ಲಿ ಆರಂಭವಾಯಿತು. ಪೋಪರ ಆದಾಯವನ್ನು ಯುರೋಪಿನ ಮೂಲೆಮೂಲೆಗಳಿಂದ ರೋಮಿಗೆ ತಲುಪಿಸುವ ಕೆಲಸವೂ ಅದರದೇ ಆಯಿತು. ಬಡ್ಡಿಯನ್ನು ಮಹಾಪಾಪವೆಂದು ಸಾರುತ್ತಿದ್ದ ಸಭೆಯ ಹಣ ಓಡಾಡುತ್ತಿದ್ದ ಬ್ಯಾಂಕು ಲಾಭ ಗಳಿಸುತ್ತಿದ್ದುದು ಹೇಗೆ? ಒಬ್ಬ ವರ್ತಕನಿಗೆ ಹಣ ಬೇಕು ಎನ್ನೋಣ. ಬ್ಯಾಂಕು ಅವನಿಗೆ ಫ್ಲಾರೆನ್ಸಿನಲ್ಲಿ ಚಿನ್ನದ ಫ್ಲಾರಿನ್ ನಾಣ್ಯಗಳನ್ನು ಕೊಡುತ್ತಿತ್ತು. ಅವನು ಅದಕ್ಕೆ ಬದಲಾಗಿ, ಮೂರು ತಿಂಗಳ ನಂತರ ಲಂಡನ್ನಿನಲ್ಲಿ ಇಂಗ್ಲಿಷ್ ನಾಣ್ಯದಲ್ಲಿ ಸಲ್ಲಿಸುವೆ ಎಂದು ಹುಂಡಿ ಬರೆದುಕೊಡುತ್ತಿದ್ದ. ಲಂಡನ್ನಿನಲ್ಲಿ ಬ್ಯಾಂಕಿನ ಪ್ರತಿನಿಧಿ ಆ ಹಣವನ್ನು ಪಡೆದು, ಫ್ಲಾರೆನ್ಸಿನಲ್ಲಿ ಸಲ್ಲಬೇಕಾದ ಇನ್ನೊಂದು ಹುಂಡಿಯನ್ನು ಕೊಳ್ಳುತ್ತಿದ್ದ. ಆರು ತಿಂಗಳ ಸುತ್ತು ಮುಗಿಸಿ ಹಣ ಮನೆಗೆ ಬರುವಾಗ ಸಾಮಾನ್ಯವಾಗಿ ಕೊಟ್ಟದ್ದಕ್ಕಿಂತ ಹೆಚ್ಚೇ ಬರುತ್ತಿತ್ತು, ಏಕೆಂದರೆ ಎರಡು ನಗರಗಳ ವಿನಿಮಯ ದರಗಳ ನಡುವೆ ಹಣ ಕೊಟ್ಟವನಿಗೆ ಅನುಕೂಲವಾದ ಅಂತರ ಇರುತ್ತಿತ್ತು. ದರ ಏರುಪೇರಾದರೆ ಒಮ್ಮೊಮ್ಮೆ ನಷ್ಟವೂ ಆಗುತ್ತಿತ್ತು. ಆ ಅನಿಶ್ಚಯವನ್ನೇ ಹಿಡಿದು, ಇದು ಸಾಲವಲ್ಲ, ನಾಣ್ಯಗಳ ಕೊಡುಕೊಳ್ಳುವಿಕೆ ಎಂದು ಹಲವು ಧರ್ಮಶಾಸ್ತ್ರಿಗಳು ಒಪ್ಪಿಕೊಂಡರು. ಠೇವಣಿ ಇಟ್ಟವರಿಗೂ ಬಡ್ಡಿ ಎನ್ನದೆ, ಬ್ಯಾಂಕು ಮನಸಾರೆ ಕೊಟ್ಟ ಉಡುಗೊರೆ ಎಂದು ವರ್ಷಕ್ಕಿಷ್ಟು ಸಲ್ಲುತ್ತಿತ್ತು. ಹಾಗೆ ಪಡೆದವರಲ್ಲಿ ಸಭೆಯ ದೊಡ್ಡ ಅಧಿಕಾರಿಗಳೂ ಇದ್ದರು.

ಆದರೂ ಮನಸ್ಸು ಕುಟುಕುತ್ತಿತ್ತು. ಕೋಸಿಮೊ ಮೆಡಿಚಿ ತಾನು ಗಳಿಸಿದ್ದರಲ್ಲಿ ಕೆಲವಷ್ಟು ಸರಿದಾರಿಯದಲ್ಲವೆಂಬ ಅಳುಕನ್ನು ಪೋಪ್ 4ನೇ ಯುಜೀನಿಯಸರ ಬಳಿ ತೋಡಿಕೊಂಡನೆಂದೂ, ಅವರ ಸಲಹೆಯಂತೆ ಸಾನ್ ಮಾರ್ಕೊ ಮಠವನ್ನು ಹೊಸದಾಗಿ ಕಟ್ಟಿಸಿದನೆಂದೂ ಅವನ ಕಾಲದ ವೆಸ್ಪಾಸಿಯಾನೊ ಎಂಬ ಲೇಖಕ ಬರೆದಿಟ್ಟಿದ್ದಾನೆ. ಮಠ ಇಂದಿಗೂ ಇದೆ, ಫ್ರಾ ಆಂಜೆಲಿಕೊನ ಚಿತ್ರಗಳಿಂದ ಬೆಳಗುತ್ತಿದೆ. ಗಳಿಕೆಯ ದಾರಿಯನ್ನು ಹಾಗೆಯೇ ಬಿಟ್ಟು, ಗಳಿಸಿದ್ದರಲ್ಲೊಂದು ಪಾಲನ್ನು ದೇವರಿಗೆ ಕೊಡುವ ಈ ಏರ್ಪಾಡು ಜಗತ್ತಿನ ಎಲ್ಲ ಧರ್ಮಗಳಿಗೂ ಪರಿಚಿತ. ಇದನ್ನು ನೀತಿ ಮತ್ತು ಬಂಡವಾಳದ ಹೊಂದಾಣಿಕೆ ಎಂದು ನಾನು ಒಪ್ಪಲಾರೆ. ನಷ್ಟ ಹೊತ್ತವರಿಗೆ ಅದರಿಂದ ಏನೂ ಹಿಂದಿರುಗಲಿಲ್ಲ.

ನಿಷೇಧದ ಇನ್ನೊಂದು ಫಲ ಇದಕ್ಕಿಂತ ಕ್ರೂರವಾದದ್ದು. ದೊಡ್ಡ ವರ್ತಕರಿಗೆ ಹುಂಡಿಯ ದಾರಿ ಇತ್ತು. ಹೊದೆಯುವ ಕಂಬಳಿ ಒತ್ತೆಯಿಟ್ಟು ನಾಲ್ಕು ಕಾಸು ತರುವವರಿಗೆ ಇರಲಿಲ್ಲ. ಆ ಕೆಲಸವನ್ನು ಯುರೋಪಿನ ಹಲವೆಡೆ ಯಹೂದಿಗಳಿಗೆ ಬಿಡಲಾಯಿತು; ಭೂಮಿ ಮತ್ತು ಕಸುಬಿನ ಸಂಘಗಳಿಂದ ಅವರನ್ನು ಹೊರಗಿಟ್ಟು ಬೇರೆ ಬದುಕೇ ಇಲ್ಲದಂತೆಯೂ ಮಾಡಲಾಗಿತ್ತು. ರಾಜರು ಅವರಿಂದ ಭಾರೀ ತೆರಿಗೆ ಕಿತ್ತುಕೊಂಡರು, ಜನ ಅವರನ್ನು ದ್ವೇಷಿಸಿದರು. ಇಂಗ್ಲೆಂಡ್ 1290ರಲ್ಲಿ ಅವರೆಲ್ಲರನ್ನೂ ಹೊರದೂಡಿತು. ಪಾಪದ ಕೆಲಸವನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸಿ ಅವರನ್ನೇ ಪಾಪಿಗಳೆನ್ನುವುದು ನೀತಿಯ ಸೋಲು.

ಇದೇ ಇಟಲಿಯಲ್ಲಿ ಇನ್ನೊಂದು ಪ್ರಯೋಗವೂ ಆಯಿತು. 1462ರಲ್ಲಿ ಪೆರೂಜಾ ನಗರದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಪ್ರೇರಣೆಯಿಂದ ಬಡವರಿಗಾಗಿ ಒಂದು ಗಿರವಿ ಸಂಸ್ಥೆ ತೆರೆಯಿತು. ಒತ್ತೆ ಇಟ್ಟುಕೊಂಡು ಸಣ್ಣ ಸಾಲ, ಗುಮಾಸ್ತರ ಸಂಬಳ ಮತ್ತು ಜಾಗದ ಖರ್ಚು ನೀಗುವಷ್ಟೇ ಬಡ್ಡಿ. ಡೊಮಿನಿಕನ್ ಸನ್ಯಾಸಿಗಳು ಇದೂ ಬಡ್ಡಿಯೇ, ಇದೂ ಪಾಪವೇ ಎಂದು ವಿರೋಧಿಸಿದರು. ಅರ್ಧ ಶತಮಾನ ವಾದ ನಡೆದು 1515ರಲ್ಲಿ ಪೋಪ್ 10ನೇ ಲಿಯೊ ಕಾಲದ ಸಮ್ಮೇಳನ ಈ ಸಂಸ್ಥೆಗಳನ್ನು ಮಾನ್ಯ ಮಾಡಿತು. ಈ ಆಂದೋಲನದ ಕೆಲವು ಪ್ರಚಾರಕರು ಯಹೂದಿಗಳ ಮೇಲೆ ವಿಷ ಕಾರಿದರೆಂಬುದೂ ನಿಜ, ಅದನ್ನು ಮರೆಮಾಚಬಾರದು. ಆದರೆ ಸಂಸ್ಥೆಯ ಒಳಗಿನ ವಿಚಾರ ಗಟ್ಟಿಯಾದದ್ದು. ಹುಂಡಿಯ ದಾರಿ ಹಿಡಿದವರು ಶಾಸ್ತ್ರದ ಅಕ್ಷರವನ್ನು ಉಳಿಸಿಕೊಂಡು ಆಶಯವನ್ನು ಬಿಟ್ಟರು. ಪೆರೂಜಾದವರು ಆಶಯವನ್ನು ಉಳಿಸಿಕೊಂಡು ಅಕ್ಷರವನ್ನು ಬಿಟ್ಟರು. ಅಲ್ಲಿಂದಾಚೆಗೆ ಪ್ರತಿಯೊಂದು ಧರ್ಮದಲ್ಲೂ ಈ ಎರಡು ದಾರಿಗಳು ಕಾಣುತ್ತವೆ.

ಇಸ್ಲಾಮೀ ಬ್ಯಾಂಕುಗಳನ್ನು ನೋಡಿ. 1963ರಲ್ಲಿ ಈಜಿಪ್ಟಿನ ಮಿತ್ ಗಮ್ರ್ ಎಂಬಲ್ಲಿ ಅಹ್ಮದ್ ಅಲ್ ನಜ್ಜಾರ್ ಬಡ್ಡಿರಹಿತ ಉಳಿತಾಯ ಬ್ಯಾಂಕ್ ಆರಂಭಿಸಿದರು, ಸಣ್ಣ ರೈತರು ಮತ್ತು ಕುಶಲಕರ್ಮಿಗಳಿಗಾಗಿ. 1975ರಲ್ಲಿ ದುಬೈ ಇಸ್ಲಾಮಿಕ್ ಬ್ಯಾಂಕ್ ಬಂತು. ಲಾಭನಷ್ಟಗಳೆರಡನ್ನೂ ಹಂಚಿಕೊಳ್ಳುವುದು ಮೂಲ ಕನಸು. ಆಚರಣೆಯಲ್ಲಿ ಹೆಚ್ಚು ಬಳಕೆಗೆ ಬಂದದ್ದು ಮುರಾಬಹಾ: ಗಿರಾಕಿಗೆ ಬೇಕಾದ ವಸ್ತುವನ್ನು ಬ್ಯಾಂಕೇ ಕೊಂಡು, ಬೆಲೆ ಏರಿಸಿ, ಕಂತಿನಲ್ಲಿ ಮಾರುತ್ತದೆ. ಬಡ್ಡಿ ಇಲ್ಲ, ಆದರೆ ಕಂತಿನ ಮೊತ್ತ ಬಡ್ಡಿಯ ಸಾಲದ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಇದು ಫ್ಲಾರೆನ್ಸಿನ ಹಾದಿಯೇ ಎಂದು ಮುಸ್ಲಿಂ ಅರ್ಥಶಾಸ್ತ್ರಜ್ಞರಲ್ಲೇ ಕೆಲವರು ನೊಂದು ಟೀಕಿಸಿದ್ದಾರೆ. ಇನ್ನೊಂದು ತುದಿಯಲ್ಲಿ ನಮ್ಮ ಉಡುಪಿ ಇದೆ. 1906ರಲ್ಲಿ ಅಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದಾಳಾಗಿ ನಿಂತು ಸ್ಥಾಪಿಸಿದ್ದು ಬಡ್ಡಿ ಕೊಟ್ಟು ಬಡ್ಡಿ ಪಡೆಯುವ ಮಾಮೂಲು ಬ್ಯಾಂಕು. ಅದು ಕಾರ್ಪೊರೇಶನ್ ಬ್ಯಾಂಕ್ ಆಗಿ ಬೆಳೆದು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹಜ್ ಮಾಡಿ ಬಂದ, ದಾನಕ್ಕೆ ಹೆಸರಾದ ವರ್ತಕರೊಬ್ಬರು ಇದನ್ನು ಮಾಡಿದರು ಎಂಬುದು ಯೋಚನೆಗೆ ಹಚ್ಚುತ್ತದೆ.

ಭಾರತದ ಧರ್ಮಶಾಸ್ತ್ರಗಳು ಬಡ್ಡಿಯನ್ನು ಪೂರ್ತಿ ನಿಷೇಧಿಸಲಿಲ್ಲ, ಮಿತಿ ಹಾಕಿದವು. ಮನುಸ್ಮೃತಿ ಹೇಳುವ ಒಂದು ದರ ತಿಂಗಳಿಗೆ ಅಸಲಿನ ಎಂಬತ್ತರಲ್ಲೊಂದು ಭಾಗ, ಅಂದರೆ ವರ್ಷಕ್ಕೆ ಶೇ 15. ಆದರೆ ಅದೇ ಗ್ರಂಥ ವರ್ಣಕ್ಕೆ ತಕ್ಕಂತೆ ತಿಂಗಳಿಗೆ ಶೇ 2ರಿಂದ 5ರವರೆಗೆ ದರವನ್ನೂ ಹೇಳುತ್ತದೆ. ಬ್ರಾಹ್ಮಣನಿಗೆ ಅತಿ ಕಡಿಮೆ, ಶೂದ್ರನಿಗೆ ಅತಿ ಹೆಚ್ಚು. ಕೈಯಲ್ಲಿ ಕಾಸಿಲ್ಲದವನಿಗೇ ಹೆಚ್ಚಿನ ಹೊರೆ. ಧರ್ಮದ ಹೆಸರಿನಲ್ಲಿ ಬಂದದ್ದೆಲ್ಲ ಬಡವರ ಪರ ಎಂದು ನಂಬುವವರು ಇದನ್ನು ಓದಬೇಕು. ದಾಮದುಪ್ಪಟ್ ಎಂಬ ನಿಯಮ ಮಾತ್ರ ನಿಜಕ್ಕೂ ರಕ್ಷಣೆ ಕೊಟ್ಟಿತು: ಬಾಕಿ ಬಡ್ಡಿ ಎಂದೂ ಅಸಲನ್ನು ಮೀರಕೂಡದು. ಬ್ರಿಟಿಷರ ಕಾಲದ ಮುಂಬಯಿ ಪ್ರಾಂತ್ಯದ ನ್ಯಾಯಾಲಯಗಳೂ ಹಿಂದೂ ಸಾಲಗಾರರ ವಿಷಯದಲ್ಲಿ ಇದನ್ನು ಮನ್ನಿಸಿದವು. ಧಾರವಾಡ, ಬೆಳಗಾವಿ, ವಿಜಯಪುರ ಆಗ ಆ ಪ್ರಾಂತ್ಯದಲ್ಲಿದ್ದವು.

ಇಲ್ಲಿ ದೇವಾಲಯವೇ ಸಾಲ ಕೊಡುವ ಸಂಸ್ಥೆಯೂ ಆಗಿತ್ತು. ಇಷ್ಟು ಗದ್ಯಾಣ ಇಟ್ಟು, ಅದರ ಬಡ್ಡಿಯಿಂದ ನಂದಾದೀವಿಗೆ ಉರಿಸಬೇಕು ಎನ್ನುವ ಶಾಸನಗಳು ಕನ್ನಡ ನಾಡಿನ ತುಂಬ ಸಿಗುತ್ತವೆ. ಐಹೊಳೆಯ ಐನೂರ್ವರಂಥ ವರ್ತಕ ಸಂಘಗಳು ಗುಡಿಗಳಿಗೆ ದತ್ತಿ ಬಿಟ್ಟವು.

12ನೇ ಶತಮಾನದ ಕಲ್ಯಾಣದಲ್ಲಿ ಧರ್ಮ ಮತ್ತು ಬಂಡವಾಳದ ಪ್ರಶ್ನೆಗೆ ಬೇರೆಯೇ ಉತ್ತರ ಹುಟ್ಟಿತು. ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಕಳಿಸಿದಳೆಂಬುದು ಪ್ರಸಿದ್ಧ ಕಥೆ. ಕಾಯಕವನ್ನು ಮ್ಯಾಕ್ಸ್ ವೆಬರ್ 1904-05ರಲ್ಲಿ ವಿವರಿಸಿದ ಪ್ರಾಟೆಸ್ಟೆಂಟ್ ದುಡಿಮೆಯ ನೀತಿಯೊಂದಿಗೆ ಹೋಲಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ಅರ್ಧಕ್ಕೆ ಆ ಹೋಲಿಕೆ ಸರಿ. ವೆಬರ್ ಕಂಡ ಭಕ್ತ ಕಷ್ಟಪಟ್ಟು ದುಡಿದು, ಸುಖಪಡದೆ ಉಳಿಸಿ, ಉಳಿದದ್ದನ್ನು ಮತ್ತೆ ಹೂಡುತ್ತಾನೆ, ಬಂಡವಾಳ ಬೆಳೆಯುತ್ತದೆ. ಶರಣರಲ್ಲಿ ಉಳಿದದ್ದು ದಾಸೋಹಕ್ಕೆ ಹೋಗುತ್ತದೆ. ಲಕ್ಕಮ್ಮನ ಮನೆಯಲ್ಲಿ ಬಂಡವಾಳ ಬೆಳೆಯಲು ಸಾಧ್ಯವೇ ಇಲ್ಲ, ಅವಳಿಗೆ ಅದು ಬೇಕಾಗಿಯೂ ಇಲ್ಲ. ‘ಸಾಕು’ ಎನ್ನುವ ಒಂದು ಎಲ್ಲೆ ಅಲ್ಲಿದೆ. ಅಂಥ ಎಲ್ಲೆಯನ್ನು ಬಂಡವಾಳಶಾಹಿ ಎಂದೂ ಒಪ್ಪಿಲ್ಲ, ಮತ್ತು ಈ ಒಂದು ವಿಷಯದಲ್ಲಿ ಎರಡನ್ನೂ ಒಂದು ಮಾಡಲು ಯಾವ ಶಾಸ್ತ್ರಿಯಿಂದಲೂ ಆಗದು ಎಂದು ನಾನು ನಂಬಿದ್ದೇನೆ.

ಎಲ್ಲರೂ ಲಕ್ಕಮ್ಮನಂತೆ ಬದುಕಲಾರರು. ರೈತನಿಗೆ ಬೀಜ, ಗೊಬ್ಬರ, ಎತ್ತು ಬೇಕು, ಅದಕ್ಕೆ ಸಾಲವೂ ಬೇಕು. ಜರ್ಮನಿಯ ಬಡ ಹಳ್ಳಿಗಾಡಿನಲ್ಲಿ ಮೇಯರ್ ಆಗಿದ್ದ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಈ ಸಮಸ್ಯೆಯನ್ನು ಕಣ್ಣಾರೆ ಕಂಡವರು. ದೈವಭಕ್ತ ಕ್ರೈಸ್ತ. ಮೊದಮೊದಲು ಸಿರಿವಂತರ ದಾನದಿಂದ ಬಡರೈತರಿಗೆ ನೆರವಾಗಲು ನೋಡಿದರು. ಅದು ಬಾಳಿಕೆ ಬರಲಿಲ್ಲ. 1860ರ ದಶಕದಲ್ಲಿ ರೈತರೇ ಸೇರಿ ಪರಸ್ಪರ ಜಾಮೀನಾಗಿ ಸಾಲ ಪಡೆಯುವ ಸಂಘಗಳನ್ನು ಕಟ್ಟಿದರು. ನೆರೆಯವರನ್ನು ಪ್ರೀತಿಸು ಎಂಬ ಉಪದೇಶ ಅವರ ಕೈಯಲ್ಲಿ ಲೆಕ್ಕಪುಸ್ತಕ, ಸಭೆ, ನಿಯಮಾವಳಿಗಳಾಗಿ ಬದಲಾಯಿತು. ಮದರಾಸು ಸರ್ಕಾರ ಕಳುಹಿಸಿದ ಫ್ರೆಡ್ರಿಕ್ ನಿಕಲ್ಸನ್ ಎಂಬ ಅಧಿಕಾರಿ ಯುರೋಪಿನಲ್ಲಿ ಈ ಸಂಘಗಳನ್ನು ಅಭ್ಯಾಸ ಮಾಡಿ 1890ರ ದಶಕದಲ್ಲಿ ವರದಿ ಕೊಟ್ಟರು. 1904ರಲ್ಲಿ ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಕರ್ನಾಟಕದ ಸಹಕಾರಿ ಚಳವಳಿಯ ಮೊದಲ ಪುಟ ಅದು.

ಆ ಕಾಲದ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬನ ಬೆಳೆ ಕೆಟ್ಟು ಸಾಲ ನಿಂತರೆ ಎಲ್ಲರೂ ಹೆಗಲು ಕೊಡಬೇಕು. ಉಳಿದ ಲಾಭ ಹೊರಗಿನ ಯಾರಿಗೂ ಹೋಗುತ್ತಿರಲಿಲ್ಲ, ಸಂಘದ ಮೀಸಲು ನಿಧಿಗೆ ಸೇರುತ್ತಿತ್ತು. ಇಂದು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಮೈಕ್ರೋಫೈನಾನ್ಸ್ ಕಂಪನಿಗಳಿಂದ ಪಡೆಯುವ ಸಾಲದಲ್ಲೂ ಒಬ್ಬಳಿಗೆ ಇನ್ನೊಬ್ಬಳು ಜಾಮೀನು. ಹೊಣೆ ಗುಂಪಿನದೇ, ಲಾಭ ಮಾತ್ರ ಹೂಡಿಕೆದಾರರದು. 2009ರಲ್ಲಿ ರೇಷ್ಮೆ ಕಸುಬು ಕುಸಿದಾಗ ಕೋಲಾರದಲ್ಲಿ ಮರುಪಾವತಿ ನಿಂತದ್ದು, ಅಲ್ಲಿನ ಮುಸ್ಲಿಂ ಸಮುದಾಯದ ಸಮಿತಿ ಕಂತು ಕಟ್ಟಬೇಡಿ ಎಂದು ಕರೆ ಕೊಟ್ಟದ್ದು ಇದೇ ಬಿಕ್ಕಟ್ಟಿನಲ್ಲಿ. 2025ರಲ್ಲಿ ಕರ್ನಾಟಕ ತಂದ ಕಾನೂನು ವಸೂಲಿಯ ಕಿರುಕುಳಕ್ಕೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಗೊತ್ತುಮಾಡಿದೆ. ಕಿರುಕುಳ ನಿಲ್ಲಲೇಬೇಕು, ಸಂದೇಹವಿಲ್ಲ. ಸಾಲ ತಂದು ಕೊಂಡ ಎಮ್ಮೆ ಸತ್ತ ವಾರ ಆ ನಷ್ಟದಲ್ಲಿ ಹಣ ಹೂಡಿದವರ ಪಾಲೆಷ್ಟು ಎಂಬುದನ್ನು ಸಾಲದ ಕರಾರಿನಲ್ಲೇ ಬರೆಯುವ ಕೆಲಸ ಇನ್ನೂ ಆಗಬೇಕಿದೆ.